ಲಾಳಿಯ ಮರ, ಗಾಲ್ಫಿನ ವುಡ್

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ಒಂದು ರಿಲೀಸು, ಅದರ ಬೆನ್ನಿಗೇ ಇನ್ನೊಂದು ರಿಲೀಸು... ಅದೇ ಹಳೇ ಕಾರಣ ಬಿಡಿ. ಈ ಸಲ ನನ್ನನ್ನು ಬರೆಯೋಕೆ ಕೂರಿಸಿದ್ದು ಒಂದು ಮರದ ತುಂಡು. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಕಂದು ಬಣ್ಣ, ಕೆಳಗೆ ಲೋಹದ ತಗಡು, ಅದರ ಮೇಲೆ ಸವೆದುಹೋದ 4 ಅನ್ನೋ ಅಂಕಿ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಚೌಕಾಸಿ ಮಾಡಿ ತಂದ ಹಳೇ ಗಾಲ್ಫ್ ಕೋಲಿನ ತಲೆ ಅದು.

ಭಾಗ್ಯನಗರದ ಹುಡುಗನಿಗೂ ಗಾಲ್ಫಿಗೂ ಎಲ್ಲಿಯ ನಂಟು ಅಂತ ನಗಬೇಡಿ. ನಮ್ಮ ಟೀಮಿನವರು ಒಂದು ಶನಿವಾರ ಡ್ರೈವಿಂಗ್ ರೇಂಜಿಗೆ ಕರೆದುಕೊಂಡು ಹೋದರು. ಒಂದು ಬುಟ್ಟಿ ಚೆಂಡು ಹೊಡೆದೆ. ಅದರಲ್ಲಿ ಒಂದೇ ಒಂದು ಚೆಂಡು ನೆಟ್ಟಗೆ ಹಾರಿತು. ಆ ಒಂದು ಚೆಂಡಿನ ಶಬ್ದಕ್ಕೆ ನಾನು ಸಿಕ್ಕಿಬಿದ್ದೆ, ಅಷ್ಟೇ.

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಮೊದಲ ಹೊಡೆತಕ್ಕೆ ಚೆಂಡನ್ನು ಪುಟ್ಟ ಗೂಟದ ಮೇಲೆ ಇಟ್ಟುಕೊಳ್ಳಬಹುದು. ಅದಕ್ಕೆ ಬಳಸೋದು ಡ್ರೈವರ್. ಆಮೇಲೆ ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ, ಗೂಟವಿಲ್ಲದೆ, ಹುಲ್ಲಿನ ಮೇಲಿಂದಲೇ ಹೊಡೆಯಬೇಕು. ಆ ಕತ್ತರಿಸಿದ ಹುಲ್ಲಿನ ದಾರಿಗೆ ಫೇರ್‌ವೇ ಅನ್ನುತ್ತಾರೆ. ಗುರಿ ಇನ್ನೂ ಇನ್ನೂರು ಗಜ ದೂರ ಇದ್ದರೆ ಕಬ್ಬಿಣದ ಕೋಲು, ಅಂದರೆ ಐರನ್, ನಮ್ಮಂಥವರ ಕೈಯಲ್ಲಿ ಸಾಲದು. ಆಗ ಬೇಕಾಗೋದು ಫೇರ್‌ವೇ ವುಡ್. ಉದ್ದ ಕೋಲು, ದಪ್ಪ ತಲೆ. ಇದರಲ್ಲಿ 3, 5, 7 ಅಂತ ನಂಬರುಗಳಿವೆ. ನಂಬರು ಹೆಚ್ಚಾದಷ್ಟೂ ಮುಖ ಹೆಚ್ಚು ಬಾಗಿರುತ್ತದೆ, ಚೆಂಡು ಸುಲಭವಾಗಿ ಮೇಲೇಳುತ್ತದೆ, ದೂರ ಮಾತ್ರ ಸ್ವಲ್ಪ ಕಡಿಮೆ. 3ಕ್ಕೆ ಸುಮಾರು 15 ಡಿಗ್ರಿ, 5ಕ್ಕೆ 18-19, 7ಕ್ಕೆ 21ರ ಆಸುಪಾಸು.

ನಾನು ಕೊಂಡದ್ದು 3. ಅಂಗಡಿಯವನು "ಪ್ರೊಗಳೆಲ್ಲ ಇದನ್ನೇ ಇಟ್ಕೊಳ್ಳೋದು ಸಾರ್" ಅಂದ. ನನಗೂ ಅದೇ ಬೇಕಿತ್ತು ಅನ್ನಿ! ಮೂರು ತಿಂಗಳು ಹೊಡೆದೆ. ಚೆಂಡು ಹೆಗ್ಗಣದ ಹಾಗೆ ಹುಲ್ಲಿನೊಳಗೆ ಓಡುತ್ತಿತ್ತೇ ಹೊರತು ಮೇಲೇಳಲಿಲ್ಲ. ಎತ್ತಬೇಕು ಅಂತ ಕೈ ಮೇಲಕ್ಕೆ ಜಗ್ಗಿದಷ್ಟೂ ಅದು ಇನ್ನೂ ಕೆಳಗೆ. ಕೊನೆಗೆ ರೇಂಜಿನಲ್ಲಿದ್ದ ವಯಸ್ಸಾದ ಕ್ಯಾಡಿಯೊಬ್ಬರು ನೋಡಲಾರದೆ ಹತ್ತಿರ ಬಂದು, "ಇದು ನಿಮ್ಮ ಕೋಲಲ್ಲ ಸಾರ್, ಏಳು ನಂಬರ್ ತಗೊಳ್ಳಿ. ಎತ್ತೋ ಕೆಲಸ ಕೋಲು ಮಾಡುತ್ತೆ, ನೀವು ಸುಮ್ನೆ ಹೊಡೀರಿ" ಅಂದರು. ನನಗೆ ಸ್ವಲ್ಪ ಅವಮಾನವೇ ಆಯ್ತು. ಏಳು ಅಂದರೆ ಮುದುಕರ ಕೋಲು ಅಂತ ನಮ್ಮ ಆಫೀಸಿನಲ್ಲಿ ತಮಾಷೆ ಮಾಡ್ತಿದ್ದರು.

ಆ ಸಂಕಟದಲ್ಲೇ ಆ ಹಳೇ ಮರದ ತಲೆ ನನ್ನ ಕೈಗೆ ಸಿಕ್ಕಿದ್ದು. ದೀಪಾವಳಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದಾಗ ಅದೂ ಬ್ಯಾಗಿನಲ್ಲಿತ್ತು.

ನಮ್ಮ ಊರು ಕೊಪ್ಪಳಕ್ಕೆ ಅಂಟಿಕೊಂಡಿರುವ ನೇಕಾರರ ಊರು. ಈಗ ಕೂದಲಿನ ವ್ಯಾಪಾರಕ್ಕೂ ಹೆಸರಾಗಿದೆ. ನಮ್ಮ ಕಾಕಾ ನಲವತ್ತು ವರ್ಷ ಮಗ್ಗದ ಮುಂದೆ ಕೂತವರು. ಮಗ್ಗ ನಿಂತು ಆರು ವರ್ಷವಾಯ್ತು. ಕೋಲಿನ ತಲೆಯನ್ನು ಕೈಗೆ ತಗೊಂಡು ತಿರುಗಿಸಿದರು, ಹೆಬ್ಬೆಟ್ಟಿನಿಂದ ಸವರಿದರು.

"ಇದ್ಯಾತರದ್ದೋ ತಮ್ಮಾ?"

"ಗಾಲ್ಫ್ ಬಡಗಿ ಕಾಕಾ. ಚೆಂಡು ಹೊಡಿಯೋದು."

"ಹೊಡಿಯೋದು ಇರ್ಲಿ... ಇದು ಲಾಳಿ ಕಟಗಿ ಇದ್ದಂಗ ಐತಲ್ಲೋ! ನೋಡಿಲ್ಲೆ, ಎಷ್ಟ್ ಗಟ್ಟಿ, ಎಷ್ಟ್ ನುಣುಪು. ಒಂದ್ ಸಿಬಿರಿಲ್ಲ."

ನಾನು ನಕ್ಕೆ. ಸ್ಕಾಟ್ಲೆಂಡಿನವರ ಆಟಕ್ಕೂ ಭಾಗ್ಯನಗರದ ಲಾಳಿಗೂ ಏನು ಸಂಬಂಧ? ರಾತ್ರಿ ಮಾಳಿಗೆ ಮೇಲೆ ಕೂತು ಮೊಬೈಲಿನಲ್ಲಿ ಗೂಗಲಿಸಿದೆ. ನಗು ನಿಂತುಹೋಯ್ತು. ಕಾಕಾ ಹೇಳಿದ್ದು ಅಕ್ಷರಶಃ ನಿಜ. ಹಳೇ ಗಾಲ್ಫ್ ವುಡ್‌ಗಳನ್ನು ಮಾಡುತ್ತಿದ್ದ ಪರ್ಸಿಮನ್ ಮರದ ಇನ್ನೊಂದು ದೊಡ್ಡ ಬಳಕೆ ಮಗ್ಗದ ಲಾಳಿಯೇ!

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಸ್ಕಾಟ್ಲೆಂಡಿನಲ್ಲಿ ಶುರುವಿನ ಕೋಲುಗಳ ತಲೆ ಬೀಚ್, ಸೇಬು, ಪೇರ್ ಥರದ ಮರದ್ದು. ಉದ್ದ ಮೂತಿ, ತೆಳ್ಳಗಿನ ಕುತ್ತಿಗೆ. ತಲೆಯನ್ನೂ ಹಿಡಿಕೆಯನ್ನೂ ಓರೆಯಾಗಿ ಸೀಳಿ, ಅಂಟು ಹಾಕಿ, ಮೇಲೆ ಬಿಗಿಯಾಗಿ ದಾರ ಸುತ್ತುತ್ತಿದ್ದರು. ಸೇಂಟ್ ಆಂಡ್ರ್ಯೂಸ್ ಊರಿನ ಹ್ಯೂ ಫಿಲ್ಪ್ ಅನ್ನುವವನು ಇದರಲ್ಲಿ ಹೆಸರು ಮಾಡಿದವನು. ಮೂಲತಃ ಬಡಗಿ. ಆಗಿನ ಚೆಂಡು ಚರ್ಮದ ಚೀಲದೊಳಗೆ ಹಕ್ಕಿಪುಕ್ಕ ತುಂಬಿದ್ದು. 1848ರ ಸುಮಾರಿಗೆ ಗಟಾಪರ್ಚಾ ಅನ್ನೋ ಮಲಯಾ ಕಡೆಯ ಮರದ ಅಂಟಿನ ಚೆಂಡು ಬಂತು. ಅಗ್ಗ, ಆದರೆ ಕಲ್ಲಿನಂತೆ ಗಟ್ಟಿ. ಬಡಪಾಯಿ ಬೀಚ್ ತಲೆಗಳು ಬಿರುಕು ಬಿಡತೊಡಗಿದವು. ತಲೆ ಗಿಡ್ಡವಾಯ್ತು, ದಪ್ಪವಾಯ್ತು. 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಪರ್ಸಿಮನ್ ಮರ ಗಾಲ್ಫಿಗೆ ಬಂತು, ಮುಂದಿನ ಸುಮಾರು ಎಂಬತ್ತು ವರ್ಷ ಅದರದ್ದೇ ಕಾರುಬಾರು. ಎಬೊನಿ ಮರವೂ, ನಮ್ಮಲ್ಲಿ ಬೀಡಿ ಎಲೆ ಕೊಡುವ ಮರವೂ ಇದರದ್ದೇ ಕುಲ. ಡಯೋಸ್ಪೈರಸ್ ಅಂತ ಆ ಕುಲದ ಹೆಸರು.

ಅದಕ್ಕೂ ಮೊದಲೇ ಈ ಮರ ಹತ್ತಿ ಗಿರಣಿಗಳ ಕಣ್ಣಿಗೆ ಬಿದ್ದಿತ್ತು. ಯಾಕೆ ಅಂತ ಕಾಕಾನನ್ನೇ ಕೇಳಿದೆ. ಅವರು ಅಟ್ಟದಿಂದ ತಮ್ಮ ಹಳೇ ಲಾಳಿ ಇಳಿಸಿದರು. ಯಾವ ಮರದ್ದೋ ಅವರಿಗೂ ಗೊತ್ತಿಲ್ಲ. ಎರಡೂ ತುದಿಗೆ ಲೋಹದ ಮೊನೆ, ನಡುವೆ ಕಂಡಿಕಿ ಇಡುವ ಗುಂಡಿ. "ಅತ್ಲಾಗಿಂದ ಇತ್ಲಾಗ ಹೊಡ್ತ ತಿಂತಾನ ಇರಬೇಕು. ಒಡೀಬಾರ್ದು. ಸವದಷ್ಟೂ ನುಣ್ಣಗಾಗಬೇಕು. ಒಂದ್ ಸಿಬಿರು ಎದ್ರ ಮುಗೀತು, ಎಳಿ ಹರಿತೈತಿ" ಅಂದರು. ಪವರ್‌ಲೂಮಿನಲ್ಲಿ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಓಡುತ್ತದೆ. ಎಂಟು ಗಂಟೆಗೆ ಲೆಕ್ಕ ಹಾಕಿ, ಸುಮಾರು ಐವತ್ತು ಸಾವಿರ ಹೊಡೆತ! ಗಾಲ್ಫ್ ಕೋಲಿನ ತಲೆಗೂ ಬೇಕಾದದ್ದು ಇವೇ ಗುಣ: ಪೆಟ್ಟು ತಡೆಯಬೇಕು, ಸೀಳಬಾರದು, ಹುಲ್ಲಿನ ಮೇಲೆ ಜಾರಬೇಕು. ಪರ್ಸಿಮನ್ ತೇಗಕ್ಕಿಂತ ಭಾರ, ಬಿಗಿ ಎಳೆಯ ಮರ. ಇನ್ನೊಂದು ಹೋಲಿಕೆ ಕಾಕಾ ತೋರಿಸಿದ್ದು: ಮರದ ವುಡ್ಡಿನ ಕುತ್ತಿಗೆಗೆ ಸಾಲುಸಾಲಾಗಿ ಕರಿ ದಾರ ಸುತ್ತಿರುತ್ತಾರೆ. "ಇದನ್ನ ಸುತ್ತಿದಾಂವ ಕೆಲಸ ಬಲ್ಲಾಂವ" ಅಂತ ಸರ್ಟಿಫಿಕೇಟ್ ಕೊಟ್ಟರು :)

ಮೊದಲು ಈ ಕೋಲುಗಳಿಗೆ ನಂಬರು ಇರಲಿಲ್ಲ, ಹೆಸರಿತ್ತು. ಎರಡನೆಯದು ಬ್ರಾಸೀ. ಗೊರಜು ನೆಲದಲ್ಲಿ ತಲೆ ಹಾಳಾಗದಿರಲಿ ಅಂತ ಅಡಿಗೆ ಹಿತ್ತಾಳೆ ತಗಡು ಹೊಡೆದದ್ದರಿಂದ ಆ ಹೆಸರು. ಮೂರನೆಯದು ಸ್ಪೂನ್, ಚಮಚದ ಹಾಗೆ ಚೆಂಡನ್ನು ಎತ್ತುವುದು. ಉಕ್ಕಿನ ಹಿಡಿಕೆ ಬಂದು (ಬ್ರಿಟನ್ನಿನ ಆರ್ ಅಂಡ್ ಎ ಸಂಸ್ಥೆ ಅದಕ್ಕೆ ಒಪ್ಪಿದ್ದು 1929ರಲ್ಲಿ) ಕಾರ್ಖಾನೆಯ ಸೆಟ್ಟುಗಳು ಶುರುವಾದಾಗ ಹೆಸರು ಹೋಗಿ ನಂಬರು ಬಂತು. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಇರಬಾರದು ಅನ್ನೋ ನಿಯಮ ಅಮೆರಿಕದಲ್ಲಿ 1938ಕ್ಕೆ, ಬ್ರಿಟನ್ನಿನಲ್ಲಿ 1939ಕ್ಕೆ ಜಾರಿಯಾಯ್ತು. ಅಲ್ಲಿಂದಲೇ "ಯಾವುದನ್ನು ಇಡಲಿ, ಯಾವುದನ್ನು ಬಿಡಲಿ" ಅನ್ನೋ ತಲೆನೋವೂ ಶುರು.

ಆರಿಸಿಕೊಳ್ಳುವ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಕಥೆ 1935ರದ್ದು. ಅಮೆರಿಕದ ಅಗಸ್ಟಾದಲ್ಲಿ ಮಾಸ್ಟರ್ಸ್ ಪಂದ್ಯ. ಜೀನ್ ಸರಜೆನ್, ಇಟಲಿಯಿಂದ ಬಂದ ಬಡಗಿಯೊಬ್ಬನ ಮಗ, ಕ್ಯಾಡಿಯಾಗಿ ಶುರುಮಾಡಿದವನು, ಮೂರು ಹೊಡೆತ ಹಿಂದಿದ್ದಾನೆ. ಮುಂದಿದ್ದವನು ಆಗಲೇ ಆಟ ಮುಗಿಸಿ ಕೂತಿದ್ದಾನೆ. 15ನೇ ಹೋಲಿನಲ್ಲಿ ಗುರಿ ಸುಮಾರು 235 ಗಜ ದೂರ, ನಡುವೆ ನೀರು. ದೂರಕ್ಕೆ 3 ವುಡ್ಡೇ ಸರಿ. ಆದರೆ ಚೆಂಡು ನೆಲಕ್ಕೆ ಕಚ್ಚಿಕೊಂಡು ಕೂತಿತ್ತು, 3 ಅದನ್ನು ಎತ್ತಲಾರದು. ಕ್ಯಾಡಿಯ ಜೊತೆ ಚರ್ಚಿಸಿ 4 ವುಡ್ ತೆಗೆದ. ಚೆಂಡು ನೇರ ಕುಳಿಯೊಳಗೇ ಬಿತ್ತು! ಐದು ಹೊಡೆತದ ಹೋಲು ಎರಡರಲ್ಲಿ ಮುಗಿಯಿತು. ಒಂದೇ ಏಟಿಗೆ ಸಮ ಸಮ, ಮರುದಿನದ ಪ್ಲೇಆಫ್‌ನಲ್ಲಿ ಗೆಲುವು. ಅಂದ ಹಾಗೆ, ಸೋತವನ ಹೆಸರು ಕ್ರೇಗ್ ವುಡ್ :) ನನ್ನ ಬ್ಯಾಗಿನಲ್ಲಿದ್ದದ್ದೂ 4 ಅಂತ ತಿಳಿದಾಗ ಸುಮ್ಮನೆ ಒಂದು ಖುಷಿ.

ನಮ್ಮ ನಾಡಿಗೆ ಈ ಆಟ ಬಂದದ್ದು ಬ್ರಿಟಿಷರ ಜೊತೆ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆಗ ಪ್ರಪಂಚದಲ್ಲಿ ಇದ್ದದ್ದು ಉದ್ದ ಮೂತಿಯ ಮರದ ಕೋಲು, ಗಟಾಪರ್ಚಾ ಚೆಂಡು. ದಕ್ಷಿಣದಲ್ಲಿ ಲಕ್ಷಾಂತರ ಜನರನ್ನು ತಿಂದ ಮಹಾಬರ ಶುರುವಾದದ್ದೂ ಅದೇ 1876ರಲ್ಲಿ, ನಮ್ಮ ಸೀಮೆಯೂ ಅದಕ್ಕೆ ಸಿಕ್ಕಿತ್ತು. ಎರಡೂ ಒಂದೇ ಇಸವಿ ಅಂತ ಓದಿದಾಗ ಒಂದು ಕ್ಷಣ ಸುಮ್ಮನಾದೆ. ಕೋಲಾರದ ಚಿನ್ನದ ಗಣಿಯ ದೊರೆಗಳೂ ಮೈದಾನ ಮಾಡಿಕೊಂಡರು, ಕಾಫಿ ಸೀಮೆಯವರೂ ಆಡಿದರು. ನಮ್ಮವರ ಪಾಲಿಗೆ ಬಂದದ್ದು ಚೀಲ ಹೊರುವ ಕೆಲಸ. ಆದರೆ ಹೊತ್ತವರೇ ನೋಡಿ ನೋಡಿ ಕಲಿತರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ರೇಂಜಿನಲ್ಲಿ ಆ ಹಿರಿಯ ಕ್ಯಾಡಿ ಹೇಳಿದ್ದನ್ನು ನಾನು ಅವಮಾನ ಅಂದುಕೊಂಡೆನಲ್ಲ, ಅದು ನನ್ನ ದಡ್ಡತನ.

ಮರದ ಕಾಲ ಮುಗಿದದ್ದು ಹೀಗೆ. 1979ರಲ್ಲಿ ಗ್ಯಾರಿ ಆಡಮ್ಸ್ ಟೇಲರ್‌ಮೇಡ್ ಕಂಪನಿ ಶುರುಮಾಡಿ ಟೊಳ್ಳು ಉಕ್ಕಿನ ವುಡ್ ತಂದ. ಉಕ್ಕಿನ ಊರಿನ ಹೆಸರು ಸೇರಿಸಿ ಅದನ್ನು ಪಿಟ್ಸ್‌ಬರ್ಗ್ ಪರ್ಸಿಮನ್ ಅಂತ ಕರೆದರು. ತಲೆ ಟೊಳ್ಳಾದ್ದರಿಂದ ತೂಕವನ್ನು ಅಂಚಿಗೂ ಅಡಿಗೂ ಹಂಚಬಹುದು, ಚೆಂಡು ಮಧ್ಯಕ್ಕೆ ಸರಿಯಾಗಿ ತಗುಲದಿದ್ದರೂ ಅಷ್ಟು ದಾರಿ ತಪ್ಪದು. 1993ರಲ್ಲಿ ಬರ್ನ್‌ಹಾರ್ಡ್ ಲ್ಯಾಂಗರ್ ಪರ್ಸಿಮನ್ ಡ್ರೈವರ್ ಹಿಡಿದೇ ಮಾಸ್ಟರ್ಸ್ ಗೆದ್ದ. ಆಮೇಲೆ ಮರ ಹೋಯ್ತು, ವುಡ್ ಅನ್ನೋ ಹೆಸರು ಮಾತ್ರ ಉಳಿಯಿತು. ಅತ್ತ ಗಿರಣಿಗಳಿಗೆ ಲಾಳಿಯೇ ಇಲ್ಲದ ಮಗ್ಗಗಳು ಬಂದವು. ಒಂದೇ ಮರದ ಎರಡು ಕಸುಬೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕೈಬಿಟ್ಟವು.

ಈಗ ಅದಿತಿ ಅಶೋಕ್ ಮಾತು ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಬೆಂಗಳೂರಿನ ಹುಡುಗಿ, ಹಳೇ ಚಲ್ಲಘಟ್ಟ ಕೆರೆಯ ಜಾಗದಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಕಲಿತವಳು. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸ್. ಆಗ ಆಕೆಯ ವಿಶ್ವ ರ‍್ಯಾಂಕು 200. ಆ ವರ್ಷವೇ ಕೋವಿಡ್ ಬಂದು ಹೊಡೆತದ ದೂರ ಇನ್ನೂ ತಗ್ಗಿತ್ತು. ಅಲ್ಲಿ ಆಡಿದ 60 ಜನರಲ್ಲಿ ಡ್ರೈವಿನ ದೂರದಲ್ಲಿ ಆಕೆ ಕೊನೆಯವರ ಸಾಲಿನಲ್ಲಿದ್ದಳು. ಚೀಲ ಹೊತ್ತವರು ಅಮ್ಮ. ನೆಲ್ಲಿ ಕೋರ್ಡಾ ಗಿಡ್ಡ ಐರನ್ ಹಿಡಿದು ಗುರಿಗೆ ಹೊಡೆಯುವ ಕಡೆ, ಅದಿತಿ ಎಷ್ಟೋ ಸಲ ಹೈಬ್ರಿಡ್ಡೋ ಫೇರ್‌ವೇ ವುಡ್ಡೋ ಎತ್ತಿಕೊಳ್ಳಬೇಕಿತ್ತು. ಆಕೆಯೇನೂ ನಾಚಲಿಲ್ಲ. ಅವನ್ನೇ ಹೊಡೆದು, ಆಮೇಲೆ ಪಟರ್ ಹಿಡಿದು ಚೆಂಡನ್ನು ಕುಳಿಗೆ ತಳ್ಳಿ ನಾಲ್ಕು ದಿನ ಪದಕದ ಹತ್ತಿರವೇ ಇದ್ದಳು. ಕೊನೆಗೆ ಕೋರ್ಡಾ ಪಾರ್‌ಗಿಂತ 17 ಕಡಿಮೆ, ಮೋನೆ ಇನಾಮಿ ಮತ್ತು ಲಿಡಿಯಾ ಕೋ 16, ಅದಿತಿ 15. ನಾಲ್ಕನೇ ಸ್ಥಾನ. ಒಂದೇ ಒಂದು ಹೊಡೆತ... ಆ ಶನಿವಾರ ಬೆಳಗ್ಗೆ ಗಾಲ್ಫಿನ ಗಂಧಗಾಳಿ ಇಲ್ಲದ ಎಷ್ಟು ಮನೆಗಳಲ್ಲಿ ಟಿವಿ ಓಡುತ್ತಿತ್ತು, ನೆನಪಿದೆಯಾ?

ಬಲ ಇದ್ದವರಿಗೆ ಫೇರ್‌ವೇ ವುಡ್ ಹದಿನಾಲ್ಕರಲ್ಲಿ ಒಂದು ಕೋಲು. ಬಲ ಸಾಲದವರಿಗೆ ಅದೇ ದಾರಿ. ಹಾಗಂತ 7ರ ಬಗ್ಗೆ ನಗಬೇಕಾಗಿಯೂ ಇಲ್ಲ. 2020ರ ಮಾಸ್ಟರ್ಸ್ ಗೆದ್ದ ಡಸ್ಟಿನ್ ಜಾನ್ಸನ್, ಪ್ರಪಂಚದಲ್ಲೇ ಉದ್ದ ಹೊಡೆಯುವವರಲ್ಲಿ ಒಬ್ಬ, ಅವನ ಚೀಲದಲ್ಲೂ 7 ವುಡ್ ಇತ್ತು.

ಊರಿಂದ ಹೊರಡುವ ಮುಂಚೆ ನನ್ನ 3 ವುಡ್ಡಿನ ಕಥೆ ಕಾಕಾಗೆ ಹೇಳಿದೆ. ಎಷ್ಟು ದುಡ್ಡು ಕೊಟ್ಟೆ ಅಂತ ಮಾತ್ರ ಹೇಳಲಿಲ್ಲ! ಅವರು ನಗುತ್ತಾ, "ನಮ್ಮಪ್ಪನ ಲಾಳಿ ನನಗ ಭಾರ ಆಗ್ತಿತ್ತು. ಒಂದ್ ವರ್ಷ ಹಠಾ ಮಾಡಿ ಅದ್ರಾಗ ನೇಯ್ದೆ, ಸೀರಿ ಅಂಚೆಲ್ಲ ಸೊಟ್ಟ. ಆಮ್ಯಾಲ ಹಗೂರಂದು ತಂದ್ಕೊಂಡೆ. ಕೈಗೆ ಹೊಂದಬೇಕೋ ತಮ್ಮಾ, ಮಂದಿ ನೋಡ್ಲಿ ಅಂತಲ್ಲ" ಅಂದರು.

3 ವುಡ್ ಮಾರಿದೆ. ಸೆಕೆಂಡ್ ಹ್ಯಾಂಡ್ 7 ಬಂದಿದೆ. ಮೊನ್ನೆ ಶನಿವಾರ ಹತ್ತರಲ್ಲಿ ಆರು ಚೆಂಡು ಹಾರಿದವು. ಆ ಹಿರಿಯರು ದೂರದಿಂದಲೇ ನೋಡಿ ಕೈ ಎತ್ತಿದರು. ಆ ಮರದ ತಲೆಯನ್ನು ಊರಲ್ಲೇ ಬಿಟ್ಟು ಬಂದೆ, ಕಾಕಾನ ಲಾಳಿಯ ಪಕ್ಕದಲ್ಲಿ, ಅದೇ ಅಟ್ಟದಲ್ಲಿ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಯಾವುದಾದರೂ ಮರದ ಸಾಮಾನು ಇದ್ದರೆ ಒಮ್ಮೆ ಇಳಿಸಿ ನೋಡಿ. ಯಾವ ಮರ ಅಂತ ಮನೆಯ ಹಿರಿಯರನ್ನೇ ಕೇಳಿ. ಗೂಗಲ್ ಆಮೇಲೆ :)