ಗೆಳೆಯರಿಗಾಗಿ ಪೋಣಿಸಿದ ಗೀತಮಾಲೆ

೧

ಹಾಡಿದವರ ಚರಿತ್ರೆಯನ್ನು ನಮ್ಮಲ್ಲಿ ಹಲವರು ಬರೆದಿದ್ದಾರೆ. ಹಾಡು ಕಟ್ಟಿದವರ ಚರಿತ್ರೆಗೂ ಕೊರತೆಯಿಲ್ಲ. ಆದರೆ ತಾನು ಕಟ್ಟದೆ, ತಾನು ಹಾಡದೆ, ಇತರರು ಕಟ್ಟಿ ಹಾಡಿದವುಗಳಲ್ಲಿ ಹತ್ತಿಪ್ಪತ್ತನ್ನು ಆರಿಸಿ, ಒಂದು ಕ್ರಮದಲ್ಲಿ ಜೋಡಿಸಿ, ‘ಇದನ್ನು ಕೇಳು’ ಎಂದು ಗೆಳೆಯನ ಕೈಗಿತ್ತವನನ್ನು ಚರಿತ್ರಕಾರರು ಅಷ್ಟಾಗಿ ಲಕ್ಷಿಸಿಲ್ಲ. ಇಂಥ ಜೋಡಣೆಗೆ ಇಂದು ಪ್ಲೇಲಿಸ್ಟ್ ಎಂಬ ಹೆಸರು ರೂಢಿಯಾಗಿದೆ. ಪ್ರಕೃತ ಲೇಖನದಲ್ಲಿ ಅದನ್ನು ಗೀತಮಾಲೆ ಎಂದು ಕರೆಯುತ್ತೇನೆ.

ಮೇಲುನೋಟಕ್ಕೆ ಇದು ಹುಡುಗರ ವಿನೋದವೆಂದು ತೋರಬಹುದು. ಆದರೆ ಇದರೊಳಗೆ ಗಂಭೀರವಾದೊಂದು ಪ್ರಶ್ನೆ ಅಡಗಿದೆ: ಜನರು ಏನನ್ನು, ಯಾವ ಕ್ರಮದಲ್ಲಿ ಕೇಳಬೇಕೆಂಬುದನ್ನು ನಿರ್ಧರಿಸುವವರು ಯಾರು? ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಈ ಅಧಿಕಾರವು ಧ್ವನಿಮುದ್ರಣ ಸಂಸ್ಥೆಗಳಿಂದ ಬಾನುಲಿಗೆ, ಬಾನುಲಿಯಿಂದ ಶ್ರೋತೃಗಳಿಗೆ, ಈಚೆಗೆ ಶ್ರೋತೃಗಳಿಂದ ಗಣಕಯಂತ್ರಕ್ಕೆ ಕೈಬದಲಾಗುತ್ತ ಬಂದಿದೆ. ಶ್ರೋತೃವಿನ ಕೈಯಲ್ಲಿ ಅದು ನೆಲೆಯಾಗಿ ನಿಂತದ್ದು ಹೆಚ್ಚೆಂದರೆ ಮೂರು ದಶಕಗಳ ಕಾಲ. ಆ ಮೂರು ದಶಕಗಳ ಸಾಕ್ಷ್ಯ ನಮ್ಮ ಕಣ್ಣೆದುರಿಗೇ ನಶಿಸುತ್ತಿರುವುದರಿಂದ ಈ ವಿಷಯವನ್ನು ವಾಚಕರ ಮುಂದಿಡುವ ಸಾಹಸ ಮಾಡಿದ್ದೇನೆ.

೨

ಇತರರ ಕೃತಿಗಳಿಂದ ಆಯ್ದು ಮಾಲೆ ಕಟ್ಟುವ ಕೆಲಸ ಕನ್ನಡಿಗರಿಗೆ ಹೊಸದಲ್ಲ. ೧೩ನೆಯ ಶತಮಾನದಲ್ಲಿ, ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, ಮಲ್ಲಿಕಾರ್ಜುನನು ಪೂರ್ವಕವಿಗಳ ಕಾವ್ಯಗಳಿಂದ ಪದ್ಯಗಳನ್ನಾರಿಸಿ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದನು. ಈತನು ಶಬ್ದಮಣಿದರ್ಪಣದ ಕರ್ತೃವಾದ ಕೇಶಿರಾಜನ ತಂದೆ. ಪದ್ಯಗಳನ್ನು ಕವಿಗಳ ಹೆಸರಿನ ಕೆಳಗೆ ಕೂಡಿಹಾಕದೆ, ವರ್ಣನೆಯ ವಿಷಯಗಳಿಗೆ ಅನುಸಾರವಾಗಿ ಜೋಡಿಸಿದ್ದು ಇದರ ವೈಶಿಷ್ಟ್ಯ. ಆದುದರಿಂದ ಬೇರೆ ಬೇರೆ ಕಾಲದ ಕವಿಗಳು ಅಲ್ಲಿ ಅಕ್ಕಪಕ್ಕದಲ್ಲಿ ಕುಳಿತು ಒಬ್ಬರಿಗೊಬ್ಬರು ಉತ್ತರ ಕೊಡುವಂತೆ ಭಾಸವಾಗುತ್ತದೆ. ಇನ್ನೊಂದು ಮಾತೂ ಉಂಟು. ಇಂದು ಮೂಲವೇ ದೊರೆಯದ ಕಾವ್ಯಗಳ ಪದ್ಯಗಳು ಈ ಸಂಕಲನದಲ್ಲಿ ಉಳಿದುಕೊಂಡಿವೆ. ಸಂಕಲನಕಾರನು ತನ್ನ ರುಚಿಗಾಗಿ ಮಾಡಿದ ಕೆಲಸವು ಮುಂದಿನವರಿಗೆ ಭಂಡಾರವಾಯಿತು.

ವಿದ್ವತ್ತಿನ ಈ ಶಾಖೆಯ ಜತೆಗೆ ಮನೆವಾರ್ತೆಯ ಶಾಖೆಯೊಂದೂ ಇತ್ತು. ನಮ್ಮ ಅಜ್ಜಿಯರು ನೋಟುಪುಸ್ತಕಗಳಲ್ಲಿ ಆರತಿಯ ಹಾಡು, ಹಸೆಯ ಹಾಡು, ಬೀಗರ ಹಾಡು, ದಾಸರ ಪದಗಳನ್ನು ಬರೆದಿಟ್ಟುಕೊಳ್ಳುತ್ತಿದ್ದುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಮದುವೆಯಾಗಿ ಹೋಗುವ ಮಗಳಿಗೆ ಅದನ್ನು ನಕಲು ಮಾಡಿಕೊಡುವುದೂ ಇತ್ತು. ಆಯ್ಕೆ, ಕ್ರಮ, ಕೊಡುಗೆ, ಈ ಮೂರು ಲಕ್ಷಣಗಳೂ ಅಲ್ಲಿ ಕೂಡಿವೆ. ಇಲ್ಲದ್ದು ಒಂದೇ: ಕಂಠಧ್ವನಿ. ಪುಸ್ತಕವನ್ನು ಪಡೆದವಳು ತಾನೇ ಹಾಡಿಕೊಳ್ಳಬೇಕಾಗಿತ್ತು.

೩

ಕಂಠಧ್ವನಿಯನ್ನು ಹಿಡಿದಿಡುವ ವಿದ್ಯೆ ಬಂದಾಗ ಆಯ್ಕೆಯ ಅಧಿಕಾರ ಮನೆಯಿಂದ ಹೊರಗೆ ಹೋಯಿತು. ೧೯೦೨ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮೊಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿದನು. ಆ ತಟ್ಟೆಗಳ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಸಂಗೀತಕ್ಕೆ ಮಾತ್ರ ಎಡೆಯಿತ್ತು. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಗಾಯಕರು ಮೂರು ನಿಮಿಷಕ್ಕೆ ಇಳಿಸಿದರು. ಯಾರು ಹಾಡಬೇಕು, ಏನು ಹಾಡಬೇಕು, ತಟ್ಟೆಯ ಎರಡನೆಯ ಮಗ್ಗುಲಿನಲ್ಲಿ ಏನಿರಬೇಕು ಎಂಬುದನ್ನೆಲ್ಲ ಕಂಪನಿಯೇ ಗೊತ್ತುಮಾಡುತ್ತಿತ್ತು. ೧೯೪೮ರಲ್ಲಿ ದೀರ್ಘಾವಧಿಯ ತಟ್ಟೆಗಳು ಬಂದು ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಅವಕಾಶ ದೊರೆಯಿತಾದರೂ, ಕೊಂಡವನಿಗೆ ಕ್ರಮವನ್ನು ಬದಲಿಸುವ ಸ್ವಾತಂತ್ರ್ಯ ದೊರೆಯಲಿಲ್ಲ.

ಬಾನುಲಿಯು ಶ್ರೋತೃವಿಗೆ ಅರ್ಜಿ ಹಾಕುವ ಹಕ್ಕನ್ನು ಕೊಟ್ಟಿತು. ೧೯೫೨ರಲ್ಲಿ ಬಿ. ವಿ. ಕೇಸ್ಕರ್ ಅವರು ಕೇಂದ್ರದ ಪ್ರಸಾರ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಬಿತ್ತು. ಶ್ರೋತೃಗಳು ರೇಡಿಯೋ ಸಿಲೋನಿನ ಕಡೆಗೆ ತಿರುಗಿದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಆರಂಭವಾಯಿತು. ಆಕಾಶವಾಣಿಯು ೧೯೫೭ರ ಅಕ್ಟೋಬರ್ ೩ರಂದು ‘ವಿವಿಧ ಭಾರತಿ’ಯನ್ನು ತೆರೆದು ಇದಕ್ಕೆ ಉತ್ತರ ಕೊಟ್ಟಿತು. ಕೋರಿಕೆಯ ಕಾರ್ಡುಗಳ ಯುಗವಿದು. ಅಭ್ರಕದ ವ್ಯಾಪಾರದ ಊರಾದ ಝುಮರಿ ತಲೈಯಾ, ಅಲ್ಲಿಂದ ಬರುತ್ತಿದ್ದ ಕೋರಿಕೆಗಳಿಂದಲೇ ದೇಶಕ್ಕೆಲ್ಲ ಪರಿಚಿತವಾಯಿತು. ಕಾರ್ಡು ಬರೆದವನು ತನ್ನ ಹೆಸರಿನೊಂದಿಗೆ ಗೆಳೆಯರ ಹೆಸರುಗಳನ್ನೂ ಸೇರಿಸುತ್ತಿದ್ದನು. ಹಾಡನ್ನು ಒಬ್ಬರಿಗಾಗಿ ಇನ್ನೊಬ್ಬರು ಆರಿಸುವ ಪದ್ಧತಿ ಇಲ್ಲಿ ಮೊಳಕೆಯೊಡೆದಿದೆ. ಆದರೂ ಆ ಕೋರಿಕೆ ಒಂದೇ ಹಾಡಿನದು. ಅದರ ಹಿಂದೆ ಮುಂದೆ ಬರುವುದು ನಿಲಯದವರ ಚಿತ್ತ.

೪

ಈ ಅಧಿಕಾರವನ್ನು ಶ್ರೋತೃವಿಗೆ ಬಿಟ್ಟುಕೊಟ್ಟದ್ದು ಕ್ಯಾಸೆಟ್, ಎಂದರೆ ಧ್ವನಿಸುರುಳಿ. ಲೂ ಒಟೆನ್ಸ್ ಅವರ ನೇತೃತ್ವದಲ್ಲಿ ಫಿಲಿಪ್ಸ್ ಸಂಸ್ಥೆ ರೂಪಿಸಿದ ಈ ಸಾಧನವನ್ನು ೧೯೬೩ರಲ್ಲಿ ಬರ್ಲಿನ್ನಿನ ಬಾನುಲಿ ಪ್ರದರ್ಶನದಲ್ಲಿ ಮೊದಲು ತೋರಿಸಲಾಯಿತು. ಸುರುಳಿಯ ಅಗಲ ನಾಲ್ಕು ಮಿಲಿಮೀಟರಿಗೂ ಕಡಮೆ. ಓಡುವ ವೇಗ ಸೆಕೆಂಡಿಗೆ ೪.೭೬ ಸೆಂಟಿಮೀಟರ್. ಈ ಲೆಕ್ಕದಲ್ಲಿ, ಮಗ್ಗುಲಿಗೆ ೩೦ ನಿಮಿಷದಂತೆ ೬೦ ನಿಮಿಷದ ಕ್ಯಾಸೆಟ್ಟಿನೊಳಗೆ ಸುಮಾರು ೮೬ ಮೀಟರ್ ಉದ್ದದ ಸುರುಳಿ ಇರುತ್ತದೆ. ಅದು ಅಂಗೈಯಲ್ಲಿ ಅಡಗುವ ವಸ್ತು. ಅಳಿಸಿ ಮತ್ತೆ ತುಂಬಬಹುದು. ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಚಕ್ಕೆಯನ್ನು ಮುರಿದುಬಿಟ್ಟರೆ ಅಕಸ್ಮಾತ್ತಾಗಿ ಅಳಿಸಿಹೋಗುವ ಭಯವೂ ಇಲ್ಲ.

ಭಾರತದಲ್ಲಿ ಕ್ಯಾಸೆಟ್ಟು ಮನೆಮನೆಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಿಂದ ಈಚೆಗೆ. ಬಾನುಲಿ ಮತ್ತು ಮುದ್ರಣ ಎರಡೂ ಒಂದರಲ್ಲೇ ಇದ್ದ ‘ಟೂ-ಇನ್-ಒನ್’ ಪೆಟ್ಟಿಗೆಯನ್ನು ಕೊಲ್ಲಿ ರಾಷ್ಟ್ರಗಳಿಂದ ಮರಳಿದವರು ತಂದರು. ಮುಂದೆ ಇಲ್ಲಿಯೇ ಅದು ಅಗ್ಗವಾಯಿತು. ಕನ್ನಡದಲ್ಲಿ ೧೯೭೮ರಲ್ಲಿ ಹೊರಬಂದ ‘ನಿತ್ಯೋತ್ಸವ’ ಧ್ವನಿಸುರುಳಿ, ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕೇಳಿಸಿ, ಭಾವಗೀತೆಗೆ ಹೊಸ ಶ್ರೋತೃವರ್ಗವನ್ನು ಒದಗಿಸಿತು. ಉತ್ತರ ಭಾರತದ ಈ ಪರಿವರ್ತನೆಯನ್ನು ಪೀಟರ್ ಮ್ಯಾನ್ಯುಯಲ್ ಅವರು ೧೯೯೩ರಲ್ಲಿ ಪ್ರಕಟವಾದ ‘ಕ್ಯಾಸೆಟ್ ಕಲ್ಚರ್’ ಎಂಬ ಗ್ರಂಥದಲ್ಲಿ ವಿವೇಚಿಸಿದ್ದಾರೆ. ಧ್ವನಿಮುದ್ರಣವು ಒಂದೆರಡು ದೊಡ್ಡ ಸಂಸ್ಥೆಗಳ ಹಿಡಿತದಿಂದ ತಪ್ಪಿ ಸಣ್ಣಪುಟ್ಟ ಉತ್ಪಾದಕರ ಕೈಗೆ ಬಂದ ಬಗೆ ಅಲ್ಲಿಯ ಮುಖ್ಯ ವಿಷಯ. ಉತ್ಪಾದನೆಯಷ್ಟೇ ಅಲ್ಲ, ಸಂಕಲನವೂ ಸಾಮಾನ್ಯನ ಕೈಗೆ ಬಂದಿತೆಂಬುದು ನಾನು ಇಲ್ಲಿ ಸೇರಿಸಬಯಸುವ ಅಂಶ.

ಆ ಸಂಕಲನದ ಕ್ರಮ ಹೀಗಿತ್ತು. ಬಾನುಲಿಯಲ್ಲಿ ಬೇಕಾದ ಹಾಡು ಬರುವ ತನಕ ಎರಡು ಗುಂಡಿಗಳ ಮೇಲೆ ಬೆರಳಿಟ್ಟು ಕಾಯುವುದು; ಉದ್ಘೋಷಕರ ಕೊನೆಯ ಮಾತು ಮುಗಿದೊಡನೆ ಒತ್ತುವುದು. ಇಲ್ಲವೇ ಬಸ್ ನಿಲ್ದಾಣದ ಬಳಿಯ ರೆಕಾರ್ಡಿಂಗ್ ಅಂಗಡಿಗೆ ಹಾಡುಗಳ ಪಟ್ಟಿಯನ್ನೂ ಖಾಲಿ ಕ್ಯಾಸೆಟ್ಟನ್ನೂ ಕೊಟ್ಟು ಎರಡು ದಿನ ಬಿಟ್ಟು ಹೋಗುವುದು. ಅಂಗಡಿಯ ವ್ಯವಹಾರ ಕಾನೂನಿಗೆ ಸಮ್ಮತವಾಗಿರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಬ್ರಿಟನ್ನಿನ ಧ್ವನಿಮುದ್ರಣ ಉದ್ಯಮವು ಮನೆಯಲ್ಲಿ ಮಾಡುವ ಪ್ರತಿಗಳು ಸಂಗೀತವನ್ನೇ ಕೊಲ್ಲುತ್ತಿವೆಯೆಂದು ೧೯೮೧ರಲ್ಲಿ ದೊಡ್ಡ ಪ್ರಚಾರ ಹೂಡಿತು. ಅಮೆರಿಕದಲ್ಲಾದರೋ ೧೯೯೨ರ ಶಾಸನವು ಲಾಭದ ಉದ್ದೇಶವಿಲ್ಲದೆ ಮನೆಯಲ್ಲಿ ಮಾಡಿಕೊಂಡ ಇಂಥ ಪ್ರತಿಗಳಿಗಾಗಿ ಜನರ ಮೇಲೆ ದಾವೆ ಹೂಡದಂತೆ ತಡೆಯಿತು. ಮಾರಾಟವು ಬೇರೆ, ಕೊಡುಗೆಯು ಬೇರೆ ಎಂಬ ವಿವೇಕವನ್ನು ಕಾನೂನು ಕೂಡ ತಡವಾಗಿಯಾದರೂ ಗುರುತಿಸಿತು.

ಈ ಕೊಡುಗೆಗೆ ಬೆಲೆ ಬಂದದ್ದು ಅದರ ಮಿತಿಯಿಂದ. ಮೂವತ್ತು ನಿಮಿಷದಲ್ಲಿ ಏಳೆಂಟು ಚಿತ್ರಗೀತೆ ಹಿಡಿಸುತ್ತವೆ, ಒಂಬತ್ತನೆಯದನ್ನು ಬಿಡಲೇಬೇಕು. ಒಂದು ಗಂಟೆಯ ಕ್ಯಾಸೆಟ್ಟನ್ನು ಸಿದ್ಧಪಡಿಸಲು ಕನಿಷ್ಠ ಒಂದು ಗಂಟೆ ಕುಳಿತು ಕೇಳಲೇಬೇಕು. ಪಡೆದವನಿಗೆ ಹಾಡುಗಳೊಡನೆ ಆ ಒಂದು ಗಂಟೆಯೂ ಸಲ್ಲುತ್ತಿತ್ತು.

೫

ಇಷ್ಟು ಸಾಮಾನ್ಯ ಚರಿತ್ರೆ. ಇನ್ನು ನಮ್ಮ ಮುಂಬಯಿಗೆ ಸಂಬಂಧಿಸಿದ ಒಂದು ವಿಶೇಷ ಸಂಗತಿಯನ್ನು ಅರಿಕೆ ಮಾಡುತ್ತೇನೆ.

ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ಈ ನಗರಕ್ಕೆ ಬಂದಾಗ ಗದಗಿನ ಕಡೆಯ ಹಿರಿಯರೊಬ್ಬರ ಪರಿಚಯವಾಯಿತು. ಅವರು ಪರಳದ ಒಂದು ಬಟ್ಟೆ ಗಿರಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ೧೯೮೨ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಅನೇಕರಿಗೆ ಆ ಕೆಲಸ ಮರಳಿ ದೊರೆಯಲೇ ಇಲ್ಲ. ಇವರ ಗೆಳೆಯರ ಬಳಗವೂ ಚದುರಿತು. ಕೆಲವರು ಊರಿಗೆ ಹೋದರು, ಕೆಲವರು ದೆಹಲಿಗೂ ಸೂರತ್ತಿಗೂ ಹೋದರು. ಇವರು ಅವರಿಗೆಲ್ಲ ಕ್ಯಾಸೆಟ್ಟುಗಳನ್ನು ತುಂಬಿ, ಆ ಕಡೆಗೆ ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಕೊಟ್ಟ ಹಾಡನ್ನೇ ಮತ್ತೆ ಕೊಡಬಾರದೆಂದು ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ತಾರೀಖು, ಗೆಳೆಯನ ಹೆಸರು, ಊರು, ಎರಡೂ ಮಗ್ಗುಲಿನ ಹಾಡುಗಳನ್ನು ಗುಮಾಸ್ತರ ಅಚ್ಚುಕಟ್ಟಿನಿಂದ ಬರೆದಿಟ್ಟಿದ್ದರು.

ಆ ಪುಸ್ತಕವನ್ನು ನಾನು ಒಂದೇ ಒಂದು ಸಂಜೆ ಕಂಡೆ. ದೇಶಾಂತರ ಹೋದ ಕನ್ನಡಿಗನಿಗೆ ಊರಿನ ನೆನಪಿನ ಹಾಡುಗಳೇ ಪ್ರಿಯವಾದವೆಂದು ನಾವೆಲ್ಲ ಭಾವಿಸಿದ್ದೇವೆ. ದೆಹಲಿಗೆ ಹೋದ ಕ್ಯಾಸೆಟ್ಟುಗಳಲ್ಲಿ ಭೀಮಸೇನ ಜೋಶಿಯವರ ದಾಸರ ಪದಗಳು, ಪಿ. ಬಿ. ಶ್ರೀನಿವಾಸರ ಚಿತ್ರಗೀತೆಗಳು ತುಂಬಿದ್ದುದು ಈ ಭಾವನೆಗೆ ಅನುಗುಣವಾಗಿಯೇ ಇತ್ತು. ಆದರೆ ಊರಿಗೆ ಮರಳಿದವರಿಗೆ ಕಳುಹಿಸಿದವುಗಳಲ್ಲಿ ಹೆಚ್ಚಿನವು ಹಿಂದಿ ಚಿತ್ರಗೀತೆಗಳು, ಮರಾಠಿ ಅಭಂಗಗಳು. ಕಾರಣವೇನೆಂದು ಕೇಳಿದೆ. “ಊರಿಗೆ ಹೋದಾವಂಗ ಊರಿನ ಹಾಡು ಯಾಕ್ರೀ? ಅವಂಗ ಬೇಕಾಗಿದ್ದು ಮುಂಬಯಿ” ಎಂದರು.

ವಲಸೆಯ ಮನಸ್ಸನ್ನು ಕುರಿತ ನಮ್ಮ ಅನೇಕ ಬರಹಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆಂದು ನನಗೆ ಆ ಒಂದು ಮಾತಿನಿಂದ ಹೊಳೆಯಿತು. ವಲಸೆ ಬಂದವನಿಗೆ ಬಿಟ್ಟುಬಂದ ಊರು ಒಂದೇ ಅಲ್ಲ. ಬಾಳಿದ ನಗರವನ್ನು ಬಿಟ್ಟು ಹೋದಾಗ ಅದೂ ಬಿಟ್ಟ ಊರೇ ಆಗುತ್ತದೆ. ಇದನ್ನು ಯಾವ ಜನಗಣತಿಯೂ ಹೇಳಲಾರದು. ಆ ಲೆಕ್ಕದ ಪುಸ್ತಕ ಹೇಳುತ್ತಿತ್ತು.

ಪುಸ್ತಕವನ್ನು ನಕಲು ಮಾಡಿಕೊಳ್ಳಲು ಅವರು ಸಂತೋಷದಿಂದ ಒಪ್ಪಿದ್ದರು. ಮಾರ್ಚಿನ ವರ್ಷಾಂತ್ಯದ ಲೆಕ್ಕ ಮುಗಿಯಲಿ, ಒಂದು ಭಾನುವಾರ ಬರುತ್ತೇನೆ ಎಂದೆ. ಲೆಕ್ಕ ಮುಗಿಯಿತು, ತಪಾಸಣೆ ಬಂದಿತು. ಎರಡು ತಿಂಗಳು ಕಳೆದವು. ನಾನು ಹೋಗುವಷ್ಟರಲ್ಲಿ ಅವರು ತೀರಿಕೊಂಡು ಮೂರು ವಾರಗಳಾಗಿದ್ದವು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಪುಸ್ತಕವೂ ಕ್ಯಾಸೆಟ್ಟುಗಳೂ ರದ್ದಿಗೆ ಹೋಗಿದ್ದವು. ಮನೆಯವರದು ತಪ್ಪಲ್ಲ; ಅದರ ಬೆಲೆಯನ್ನು ಅವರಿಗೆ ತಿಳಿಸಬೇಕಾಗಿದ್ದ ನಾನು ತಿಳಿಸಿರಲಿಲ್ಲ.

ಈಗ ನನ್ನ ಬಳಿ ಉಳಿದಿರುವುದು ಅವರು ಮೊದಲೇ ಕೊಟ್ಟಿದ್ದ ಒಂದೇ ಕ್ಯಾಸೆಟ್ಟು. ಒಳಗಿನ ಕಾರ್ಡಿನಲ್ಲಿ ಹದಿಮೂರು ಹಾಡುಗಳ ಪಟ್ಟಿಯಿದೆ. ಕೊನೆಯದರ ಮುಂದೆ ‘ಅರ್ಧ’ ಎಂದು ಬರೆದಿದ್ದಾರೆ. ಸುರುಳಿ ಅಲ್ಲಿಗೆ ಮುಗಿದಿತ್ತು.

೬

ಕ್ಯಾಸೆಟ್ಟಿನ ನಂತರದ ಕಥೆ ವೇಗವಾದದ್ದು. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಅಡಕ ತಟ್ಟೆಯನ್ನು ಮುಂದೆ ಮನೆಯಲ್ಲೇ ಬರೆಯುವಂತಾಯಿತು. ಎಂ.ಪಿ.-೩ ಕ್ರಮದಲ್ಲಿ ಒಂದೇ ತಟ್ಟೆಗೆ ನೂರೈವತ್ತು ಹಾಡುಗಳನ್ನು ತುಂಬತೊಡಗಿದಾಗ ಮಿತಿ ಸಡಿಲವಾಯಿತು. ಒಂಬತ್ತನೆಯ ಹಾಡನ್ನು ಬಿಡುವ ಸಂಕಟ ತಪ್ಪಿತು, ಅದರೊಡನೆ ಆರಿಸುವ ಶ್ರಮವೂ ತಪ್ಪಿತು. ೨೦೦೮ರಲ್ಲಿ ಸ್ವೀಡನ್ನಿನಲ್ಲಿ ಬಳಕೆಗೆ ಬಂದು ೨೦೧೯ರಲ್ಲಿ ಭಾರತಕ್ಕೂ ಕಾಲಿಟ್ಟ ಸ್ಪಾಟಿಫೈಯಂಥ ಸೇವೆಗಳಲ್ಲಿ ಕೋಟಿಗಟ್ಟಲೆ ಹಾಡುಗಳಿವೆ. ಅದೇ ಸಂಸ್ಥೆ ೨೦೧೫ರಿಂದ ಪ್ರತಿ ವಾರವೂ ಒಬ್ಬೊಬ್ಬ ಶ್ರೋತೃವಿಗೆ ಒಂದೊಂದು ಪಟ್ಟಿಯನ್ನು ಯಂತ್ರದಿಂದಲೇ ಸಿದ್ಧಪಡಿಸಿ ಕೊಡುತ್ತಿದೆ.

ಹೊಸದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಇಂದು ಮಾಟುಂಗದಲ್ಲಿ ಪೋಣಿಸಿದ ಗೀತಮಾಲೆ ಮರುಕ್ಷಣವೇ ಅಮೆರಿಕದಲ್ಲಿರುವ ಗೆಳೆಯನಿಗೆ ತಲಪುತ್ತದೆ; ಹೋಗುವವರ ಕೈಗೆ ಕೊಟ್ಟು ಕಾಯಬೇಕಾಗಿಲ್ಲ. ಆದರೂ ವ್ಯತ್ಯಾಸವೊಂದುಂಟು. ಅದನ್ನು ನನ್ನ ವೃತ್ತಿಯ ಭಾಷೆಯಲ್ಲೇ ಹೇಳುವುದಾದರೆ, ಕ್ಯಾಸೆಟ್ಟು ನಗದು, ಇಂದಿನ ಪಟ್ಟಿ ಚೆಕ್ಕು. ಕ್ಯಾಸೆಟ್ಟಿನಲ್ಲಿ ಹಾಡೇ ಇತ್ತು. ಇಂದಿನ ಪಟ್ಟಿಯಲ್ಲಿರುವುದು ಹಾಡಿನ ವಿಳಾಸ ಮಾತ್ರ. ಹಕ್ಕುದಾರರು ಹಾಡನ್ನು ಹಿಂತೆಗೆದುಕೊಂಡ ದಿನ ಪಟ್ಟಿಯಲ್ಲಿ ತೆರಪು ಬೀಳುತ್ತದೆ. ಕೊಟ್ಟವನಿಗಾಗಲಿ ಪಡೆದವನಿಗಾಗಲಿ ಅದರ ಮೇಲೆ ಅಧಿಕಾರವಿಲ್ಲ. ಮಲ್ಲಿಕಾರ್ಜುನನು ಪದ್ಯಗಳನ್ನು ಬರೆದಿಡದೆ ಅವು ಯಾವ ಕಾವ್ಯದಲ್ಲಿವೆಯೆಂದಷ್ಟೇ ಸೂಚಿಸಿ ಬಿಟ್ಟಿದ್ದರೆ, ಮೂಲ ಕಾವ್ಯಗಳು ಹೋದಮೇಲೆ ನಮಗೆ ಉಳಿಯುತ್ತಿದ್ದುದೇನು?

೭

ಆದುದರಿಂದ ಸಂಘದ ಸದಸ್ಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮುಂಬಯಿಯ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿನ ಸುರುಳಿಯ ಮೇಲೆ ಬಿಳಿಯ ಬೂಷ್ಟು ಹತ್ತುತ್ತದೆ. ಅವು ಇನ್ನೆಷ್ಟು ಮಳೆಗಾಲಗಳನ್ನು ಕಳೆದಾವು? ತಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಗೆಳೆಯರು ತುಂಬಿಕೊಟ್ಟ ಕ್ಯಾಸೆಟ್ಟುಗಳಿದ್ದರೆ, ಅಂಗಡಿಯಲ್ಲಿ ಕೊಂಡವುಗಳಿಗಿಂತ ಅವನ್ನೇ ಮೊದಲು ಕಾಪಾಡಬೇಕು. ಕೊಂಡವುಗಳ ಪ್ರತಿ ಬೇರೆಲ್ಲಾದರೂ ಇದ್ದೀತು. ಇವು ಒಂದೊಂದೇ ಪ್ರತಿ. ಸುರುಳಿ ಕೆಟ್ಟಿದ್ದರೂ ಒಳಗಿನ ಕಾರ್ಡನ್ನು ಎಸೆಯಬಾರದು. ಯಾರು, ಯಾರಿಗೆ, ಯಾವ ಊರಿನಿಂದ ಯಾವ ಊರಿಗೆ, ಯಾವ ವರ್ಷ ಎಂಬ ನಾಲ್ಕು ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನಿಟ್ಟರೆ ಅದೇ ದಾಖಲೆಯಾಗುತ್ತದೆ. ಸಂಘದ ಗ್ರಂಥಾಲಯದಲ್ಲಿ ಇವುಗಳಿಗಾಗಿ ಒಂದು ಬೀರು ದೊರೆತರೆ, ಪಟ್ಟಿ ಮಾಡುವ ಕೆಲಸವನ್ನು ಭಾನುವಾರಗಳಂದು ನಾನೇ ವಹಿಸಿಕೊಳ್ಳಲು ಸಿದ್ಧನಿದ್ದೇನೆ. ಮೊದಲನೆಯ ವಸ್ತುವಾಗಿ ಆ ಹದಿಮೂರು ಹಾಡುಗಳ ಕ್ಯಾಸೆಟ್ಟನ್ನು ಒಪ್ಪಿಸುತ್ತೇನೆ.

ಈ ಸಲ ಮಾರ್ಚಿನ ಲೆಕ್ಕ ಮುಗಿಯುವ ತನಕ ಕಾಯುವುದಿಲ್ಲ.