ದ್ರವೀಕರಿಸುವ ನೆಲದ ಮೇಲೆ ನೆರೆಹೊರೆಯ ಕಟ್ಟಡಗಳು: ವಾಲುವಿಕೆಯ ದಿಕ್ಕನ್ನು ಕುರಿತು

ನೀರು ತುಂಬಿದ ಸಡಿಲ ಮರಳು ಭೂಕಂಪದ ವೇಳೆ ದ್ರವದಂತೆ ವರ್ತಿಸುವುದನ್ನು ಎಂಜಿನಿಯರುಗಳು ವ್ಯವಸ್ಥಿತವಾಗಿ ಅಭ್ಯಾಸ ಮಾಡತೊಡಗಿದ್ದು 1964ರ ನಂತರ. ಆ ವರ್ಷದ ಜೂನ್ 16ರಂದು ಜಪಾನಿನ ನೀಗಾತಾ ನಗರದಲ್ಲಿ, ಶಿನಾನೊ ನದಿಯ ದಡದ ಕಾವಾಗಿಶಿ-ಚೋ ವಸತಿ ಸಮುಚ್ಚಯದ ನಾಲ್ಕಂತಸ್ತಿನ ಕಟ್ಟಡಗಳು ಮುರಿದು ಬೀಳದೆ ಇಡಿಯಾಗಿ ವಾಲಿದವು. ಒಂದಂತೂ ಬಹುತೇಕ ನೆಲಕ್ಕೆ ಮಲಗಿತು. ಅಲ್ಲಿಂದಾಚೆಗೆ ನಡೆದ ಸಂಶೋಧನೆಯ ಬಹುಪಾಲು ಒಂದು ಕಟ್ಟಡ ಮತ್ತು ಅದರ ಕೆಳಗಿನ ಮಣ್ಣಿಗೆ ಸೀಮಿತವಾಗಿದೆ. ನಗರದಲ್ಲಿ ಹಾಗೆ ಒಂಟಿಯಾಗಿ ನಿಂತ ಕಟ್ಟಡಗಳು ಕಡಿಮೆ. ಪಕ್ಕದ ಕಟ್ಟಡವನ್ನೂ ಲೆಕ್ಕಕ್ಕೆ ತಂದರೆ, ಕಟ್ಟಡ ಎಷ್ಟು ಇಳಿಯಿತು ಎಂಬುದಕ್ಕಿಂತ ಯಾವ ಕಡೆಗೆ ವಾಲಿತು ಎಂಬುದರಿಂದಲೇ ಮಣ್ಣಿನ ವರ್ತನೆ ಹೆಚ್ಚು ತಿಳಿಯುತ್ತದೆ ಎಂಬುದು ಇಲ್ಲಿನ ವಾದ.

ನೆಲ ಅಲುಗಿದಾಗ ಮರಳಿನ ಕಣಗಳು ಒತ್ತೊತ್ತಾಗಿ ಕೂರಲು ಹವಣಿಸುತ್ತವೆ. ನಡುವಿನ ನೀರಿಗೆ ಅಷ್ಟು ಬೇಗ ಹೊರಹೋಗಲು ದಾರಿಯಿಲ್ಲದೆ ರಂಧ್ರಜಲದ ಒತ್ತಡ ಏರುತ್ತದೆ. ಕಣದಿಂದ ಕಣಕ್ಕೆ ಸಾಗುತ್ತಿದ್ದ ಭಾರ ನೀರಿನ ಮೇಲೆ ಬಿದ್ದು, ಮಣ್ಣಿನ ಬಲ ಕುಗ್ಗುತ್ತದೆ. ಬಯಲಿನಲ್ಲಾದರೆ ಮುಂದೆ ನೀರು ಹೊರಬಿದ್ದಂತೆ ನೆಲ ಒಂದಿಷ್ಟು ಕುಗ್ಗುವುದಷ್ಟೆ. ಕಟ್ಟಡದ ಕೆಳಗೆ ಇನ್ನೆರಡು ಕ್ರಿಯೆಗಳು ಸೇರಿಕೊಳ್ಳುತ್ತವೆ: ಭಾರಕ್ಕೆ ಮೆತ್ತಗಾದ ಮಣ್ಣು ಅಡಿಪಾಯದಿಂದ ಪಕ್ಕಕ್ಕೆ ಜರುಗುತ್ತದೆ, ಕಟ್ಟಡ ಹಿಂದೆಮುಂದೆ ತೂಗಿದಂತೆ ಅಂಚಿನ ಮಣ್ಣು ಮತ್ತೆಮತ್ತೆ ಅದುಮಿಹೋಗುತ್ತದೆ. ಮರಳು ಬುಗ್ಗೆಯಾಗಿ ಹೊರಚಿಮ್ಮಿದರೆ ಅಡಿಯಲ್ಲಿ ಆ ಮಟ್ಟಿಗೆ ಖಾಲಿಯೂ ಆಗುತ್ತದೆ. ಹೀಗೆ ಮಣ್ಣು ಪಕ್ಕಕ್ಕೆ ಜರುಗುವ ಕ್ರಿಯೆಗೇ ನೆರೆಯ ಕಟ್ಟಡ ಅಡ್ಡ ಬರುತ್ತದೆ, ಇಲ್ಲವೆ ಇಂಬು ಕೊಡುತ್ತದೆ.

ಇದಕ್ಕೆ ಅತ್ಯಂತ ಸಮೃದ್ಧ ಕ್ಷೇತ್ರಸಾಕ್ಷ್ಯ ಒದಗಿದ್ದು ತುರ್ಕಿಯ ಅಡಪಝಾರಿಯಲ್ಲಿ. 1999ರ ಆಗಸ್ಟ್ 17ರ ನಸುಕಿನಲ್ಲಿ ಸುಮಾರು 7.5 ಪ್ರಮಾಣದ ಕೊಜಾಯಲಿ ಭೂಕಂಪ ಈ ನಗರವನ್ನು ಅಲುಗಿಸಿತು. ಸಕಾರ್ಯ ನದಿಯ ಮೆಕ್ಕಲು ಬಯಲಿನ ಮೇಲೆ ಬೆಳೆದ ಊರು. ಅಂತರ್ಜಲ ಒಂದೆರಡು ಮೀಟರ್ ಕೆಳಗೇ ಸಿಗುತ್ತದೆ. ಮೂರರಿಂದ ಆರು ಅಂತಸ್ತಿನ ಕಾಂಕ್ರೀಟ್ ಕಟ್ಟಡಗಳು ರಾಫ್ಟ್ ಅಡಿಪಾಯದ ಮೇಲೆ ಅಕ್ಕಪಕ್ಕ ನಿಂತಿದ್ದವು. ಇಳಿದ ಮಣ್ಣು ಶುದ್ಧ ಮರಳಾಗಿರಲಿಲ್ಲ, ಜಿಗುಟು ಕಡಿಮೆಯಿರುವ ಹೂಳುಮಣ್ಣು. ಇಂಥ ಮಣ್ಣು ದ್ರವೀಕರಿಸದು ಎಂದು ಅಂದಿನ ಮಾನದಂಡಗಳನ್ನು ನಂಬಿ ಕೂತವರಿಗೆ ಅದೇ ಒಂದು ಪಾಠವಾಯಿತು. ಜೊನಾಥನ್ ಬ್ರೇ, ರೊಡಾಲ್ಫೊ ಸಾನ್ಸಿಯೊ ಮತ್ತು ಅವರ ತುರ್ಕಿಯ ಸಹೋದ್ಯೋಗಿಗಳು ಬೀದಿಬೀದಿ ಅಳೆದು ದಾಖಲಿಸಿದ ಪ್ರಕಾರ, ನೆಲ ಕೆಟ್ಟದ್ದು ಮುಖ್ಯವಾಗಿ ಕಟ್ಟಡಗಳ ಅಡಿಯಲ್ಲಿ ಮತ್ತು ಅವುಗಳ ಮಗ್ಗುಲಲ್ಲಿ; ತೆರೆದ ಜಾಗಗಳಲ್ಲಿ ಅಂಥ ಲಕ್ಷಣ ಕಾಣಲಿಲ್ಲ. ಅಂತಸ್ತು ಹೆಚ್ಚಿದಂತೆ ಇಳಿತ ಹೆಚ್ಚಿತ್ತು. ಅತಿಯಾಗಿ ವಾಲಿದವು ಮಾತ್ರ ಅಗಲಕ್ಕೆ ಹೋಲಿಸಿದರೆ ಎತ್ತರ ಹೆಚ್ಚಿದ್ದ, ಪಕ್ಕದಲ್ಲಿ ಆತುಕೊಳ್ಳಲು ನೆರೆಕಟ್ಟಡವಿಲ್ಲದವು. ಸಾಲಿನ ನಡುವಿನದಕ್ಕಿಂತ ಕೊನೆಯ ಕಟ್ಟಡಕ್ಕೇ ಅಪಾಯ ಹೆಚ್ಚು ಎಂದು ಇದರಿಂದ ಹೊರಡುತ್ತದೆ.

ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದ ಸೆಂಟ್ರಿಫ್ಯೂಜಿನಲ್ಲಿ ಜೋಡಿ ಮಾದರಿಗಳನ್ನು ಪರೀಕ್ಷಿಸಿದಾಗ ಅವು ಒಂಟಿ ಮಾದರಿಗಿಂತ ಕಡಿಮೆ ಇಳಿದು, ಒಂದರಿಂದೊಂದು ದೂರಕ್ಕೆ ವಾಲುವ ಒಲವು ತೋರಿದವು. ಎರಡು ಅಡಿಪಾಯಗಳ ನಡುವಿನ ಮಣ್ಣು ಇಬ್ಬದಿಯ ಭಾರಕ್ಕೆ ಸಿಕ್ಕಿ ಬಿಗಿಯಾಗಿರುತ್ತದೆ, ಹೊರಕ್ಕೆ ಜರುಗಲು ಅದಕ್ಕೆ ಎಡೆಯಿಲ್ಲ. ಹೊರಬದಿಯ ಮಣ್ಣಿಗೆ ಆ ತಡೆಯಿಲ್ಲವಾಗಿ ಹೊರ ಅಂಚು ಹೆಚ್ಚು ಇಳಿಯುತ್ತದೆ.

ಇಷ್ಟಕ್ಕೇ ನಿಂತರೆ ನೆರೆಮನೆ ಎಂದೂ ರಕ್ಷೆಯೇ ಎನಿಸಬಹುದು. ಜಪಾನಿನ ಉರಾಯಾಸು ನಗರದ ಅನುಭವ ಹಾಗೆ ಹೇಳುವುದಿಲ್ಲ. ಟೋಕಿಯೊ ಕೊಲ್ಲಿಯನ್ನು ತುಂಬಿ ಪಡೆದ ಈ ನೆಲದಲ್ಲಿ, 2011ರ ಮಾರ್ಚ್ 11ರ ಭೂಕಂಪದ ದೀರ್ಘ ಕಂಪನಕ್ಕೆ ಸಿಕ್ಕಿದ ಹಗುರ ಮನೆಗಳಲ್ಲಿ ತೀರ ಹತ್ತಿರವಿದ್ದ ಜೋಡಿಗಳು ಒಂದರ ಕಡೆಗೊಂದು ವಾಲಿದ್ದನ್ನು ಸುಸುಮು ಯಾಸುದಾ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಇಲ್ಲಿ ಎರಡು ಮನೆಗಳ ಇಳಿತದ ತಗ್ಗುಗಳು ನಡುವೆ ಒಂದರ ಮೇಲೊಂದು ಬಿದ್ದು, ಒಳ ಅಂಚು ಹೆಚ್ಚು ಇಳಿದಿದೆ.

ಈ ಎರಡನ್ನೂ ವಿರೋಧ ಎನ್ನುವುದು ಅವಸರದ ಮಾತು. ಎತ್ತರದ, ಭಾರದ ಕಟ್ಟಡದಲ್ಲಿ ತೂಗಾಟ ಮೇಲುಗೈ ಪಡೆಯುತ್ತದೆ. ಗಿಡ್ಡನೆಯ ಹಗುರ ಮನೆಯಲ್ಲಿ ತೂಗಾಟ ಅಲ್ಪ, ಕಂಪನ ನಿಂತ ಮೇಲೂ ಬಲಗುಂದಿದ ಮಣ್ಣಿನಲ್ಲಿ ನಿಧಾನವಾಗಿ ಮುಂದುವರಿಯುವ ಇಳಿತವೇ ಮುಖ್ಯ. ಯಾವ ಕ್ರಿಯೆ ಗೆಲ್ಲುತ್ತದೆ ಎಂಬುದು ಕಟ್ಟಡಗಳ ನಡುವಿನ ಅಂತರ, ಅಡಿಪಾಯದ ಅಗಲ ಹಾಗೂ ದ್ರವೀಕರಿಸುವ ಪದರದ ದಪ್ಪ, ಇವುಗಳ ಅನುಪಾತಕ್ಕೆ ಸೇರಿದ್ದೆಂದು ನನ್ನ ಊಹೆ. ಅಂತರವೊಂದನ್ನೇ ಹಿಡಿದು ಮಾಡುವ ವರ್ಗೀಕರಣ ಈ ಕಾರಣಕ್ಕೆ ಸಾಲದು. ಭಾರ ಸಮನಲ್ಲದ ನೆರೆಹೊರೆಯಂತೂ ಇನ್ನೂ ತೊಡಕಿನದು: ಎರಡಂತಸ್ತಿನ ಹಳೆ ಮನೆಯ ಮಗ್ಗುಲಿಗೆ ಆರಂತಸ್ತಿನ ಕಟ್ಟಡ ಎದ್ದರೆ, ಮನೆಯ ಒಂದು ಅಂಚು ದೊಡ್ಡ ಕಟ್ಟಡ ಇಳಿದುಂಟಾದ ತಗ್ಗಿನೊಳಗೇ ಬೀಳುತ್ತದೆ.

ಇದು ಬರೀ ಸಿದ್ಧಾಂತದ ಪ್ರಶ್ನೆಯಲ್ಲ. ಸಮನಾಗಿ ಇಳಿದ ಮನೆಯಲ್ಲಿ ಹೇಗೋ ಬಾಳಬಹುದು, ವಾಲಿದ ಮನೆಯಲ್ಲಿ ತಲೆಸುತ್ತು ಬರುತ್ತದೆ. ಜಪಾನ್ ಸರ್ಕಾರ 2011ರ ಮೇ ತಿಂಗಳಲ್ಲಿ ಹಾನಿಯ ಮಾನದಂಡವನ್ನು ತಿದ್ದಿ, 1000ಕ್ಕೆ 50 ಅಥವಾ ಹೆಚ್ಚು ವಾಲಿದ ಮನೆಯನ್ನು ಪೂರ್ಣ ನಾಶವೆಂದೂ 1000ಕ್ಕೆ 10ರಷ್ಟು ವಾಲಿದರೂ ಅರ್ಧ ನಾಶವೆಂದೂ ಪರಿಗಣಿಸಿತು.

ನಮ್ಮ ಭೂಕಂಪ ನಿರೋಧಕ ವಿನ್ಯಾಸದ ಮಾನದಂಡ ಐಎಸ್ 1893 (ಭಾಗ 1): 2016 ನೆರೆಕಟ್ಟಡವನ್ನು ನೆಲದ ಮೇಲೆ ಬಲ್ಲದು: ಎರಡು ಕಟ್ಟಡಗಳು ಬಡಿದಾಡದಂತೆ ಎಷ್ಟು ಅಂತರ ಬಿಡಬೇಕೆಂದು ಹೇಳುತ್ತದೆ. ದ್ರವೀಕರಣದ ಅನುಬಂಧಕ್ಕೆ ಬಂದರೆ ಲೆಕ್ಕ ಬಯಲಿನ ನೆಲದ್ದು; ಅಲ್ಲಿ ನೆರೆಯವನಿಲ್ಲ. 1934ರ ಜನವರಿ 15ರ ಭೂಕಂಪದಲ್ಲಿ ನೆಲ ವ್ಯಾಪಕವಾಗಿ ದ್ರವೀಕರಿಸಿದ ಉತ್ತರ ಬಿಹಾರದ ಸೀತಾಮಢಿ, ಮಧುಬನಿಯಂಥ ಊರುಗಳಲ್ಲಿ ಇಂದು ಕಾಂಕ್ರೀಟ್ ಕಟ್ಟಡಗಳು ಗೋಡೆಗೆ ಗೋಡೆ ತಾಗಿಸಿ ಎದ್ದಿವೆ. ಆ ಅನುಬಂಧ ಅಲ್ಲಿಗೆ ಸಾಲದು.

ಪರಿಹಾರವೂ ಒಬ್ಬನ ಕೈಯಲ್ಲಿಲ್ಲ. ಒಂದು ನಿವೇಶನದ ಮಣ್ಣನ್ನಷ್ಟೇ ಗಟ್ಟಿಗೊಳಿಸಿದರೆ ಆ ಕಟ್ಟಡ ನಿಲ್ಲುತ್ತದೆ, ಪಕ್ಕದ್ದು ಇಳಿಯುತ್ತದೆ. ಇಬ್ಬರ ನಡುವೆ ಹೊಸ ಅಸಮತೆ ಹುಟ್ಟುತ್ತದೆ. ಉರಾಯಾಸುವಿನಲ್ಲಿ ರಸ್ತೆಗಳ ಅಡಿಯ ಮತ್ತು ಮನೆಗಳ ನಡುವಿನ ಮಣ್ಣಿಗೆ ಸಿಮೆಂಟ್ ಬೆರೆಸಿ ಚೌಕಚೌಕವಾದ ಗೋಡೆಗಳನ್ನು ಎಬ್ಬಿಸಿ ಇಡೀ ಬಡಾವಣೆಯನ್ನು ಹಿಡಿದಿಡುವ ಯೋಜನೆಯನ್ನು ನಗರಾಡಳಿತ ಮುಂದಿಟ್ಟಿತು. ಅದಕ್ಕೆ ಆ ಭಾಗದ ಮನೆಯವರೆಲ್ಲ ಒಪ್ಪಿ, ಖರ್ಚಿನ ಪಾಲನ್ನೂ ಹೊರಬೇಕಿತ್ತು. ಮೊದಲು ಎಣಿಸಿದ್ದಕ್ಕಿಂತ ತೀರ ಕಡಿಮೆ ಮನೆಗಳ ಸುತ್ತ ಮಾತ್ರ ಆ ಗೋಡೆ ಎದ್ದಿತು.