ಡಿಕ್ಕಿ ತುಂಬಾ ಸಾಮಾನು, ಹೊರೋರು ಯಾರು?

ಹೋದ ಫೆಬ್ರವರಿಯಲ್ಲಿ ನಡೆದದ್ದು ಇದು. ಬರೀಬೇಕು ಬರೀಬೇಕು ಅಂದ್ಕೊಂಡು ಮುಂದಕ್ಕೆ ಹಾಕ್ತಾನೇ ಇದ್ದೆ. ಕತೆ ನನ್ನ ಪೆದ್ದುತನದ್ದು ನೋಡಿ, ಅದಕ್ಕೇ ಇಷ್ಟು ತಡ :)

ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ ನನ್ನ ಸೋದರಮಾವನಿಗೆ ಮೂರು ಎಕರೆ ಕಾಫಿ ತೋಟ ಇದೆ. ತೋಟದ ನೆತ್ತಿಯ ಮೇಲೊಂದು ಬೋಳು ದಿಣ್ಣೆ. ಬೆಂಗಳೂರಲ್ಲಿ ಕೂತು ನನಗೊಂದು ಹುಚ್ಚು ಹತ್ತಿತ್ತು. ಆ ದಿಣ್ಣೆ ಮೇಲೆ ಡೇರೆ ಹಾಕಿ ಎರಡು ರಾತ್ರಿ ಮಲಗಬೇಕು ಅಂತ. ಕಾರಿದೆ, ಕಾರಿಗೊಂದು ಡಿಕ್ಕಿ ಇದೆ, ಇನ್ನೇನು ಯೋಚನೆ? ನಾಲ್ಕು ಜನರ ಟೆಂಟು (ಮಲಗೋರು ಇಬ್ಬರೇ), ಗಾಳಿ ತುಂಬೋ ಹಾಸಿಗೆ, ಅದಕ್ಕೊಂದು ಪಂಪು, ಮಡಚೋ ಕುರ್ಚಿ ಎರಡು, ಮಡಚೋ ಮೇಜು, ಗ್ಯಾಸ್ ಒಲೆ, ಐಸ್ ಪೆಟ್ಟಿಗೆ, ಮೂರು ಥರದ ಲೈಟು, ಬೆಂಗಳೂರಿನ ದಿಂಬು. ಒಂದೊಂದನ್ನು ತುಂಬುವಾಗಲೂ "ಇರಲಿ ಬಿಡು, ಕಾರಲ್ವಾ ಹೊರೋದು" ಅಂತ ನನಗೆ ನಾನೇ ಹೇಳಿಕೊಂಡೆ.

ಕಾರು ಮಾವನ ಅಂಗಳದವರೆಗೆ ಹೋಯಿತು. ಅಲ್ಲಿಂದ ದಿಣ್ಣೆಗೆ ಅರ್ಧ ಮೈಲಿ ಏರು. ಪಕ್ಕದ ತೋಟದವರ ಜೀಪು ಹತ್ತಿಸುತ್ತೆ ಅಂತ ನಂಬಿದ್ದೆ, ಅದು ಕಾಫಿ ಮೂಟೆ ಹಾಕ್ಕೊಂಡು ಪೇಟೆಗೆ ಹೋಗಿತ್ತು. ಸರಿ, ನಾನೂ ನನ್ನ ಗೆಳೆಯನೂ ಹೊರೋಕೆ ಶುರು ಮಾಡಿದ್ವಿ. ಐದು ಸಲ ಹತ್ತಿ ಇಳಿದ್ವಿ. ಮೂರನೇ ಸಲಕ್ಕೆ ಮಾವ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕ್ತಾ ಕೇಳಿದ್ರು.

"ಎಂತದಾ ಮಾರಾಯ ಇದು, ದಿಬ್ಬಣವಾ?"

"ಕ್ಯಾಂಪಿಂಗ್ ಮಾವ."

"ಹೌದಾ? ಹಿಂದೆ ದೊರೆಗಳೂ ಹೀಗೇ ಬರ್ತಿದ್ರು. ಅವರು ಮುಂದೆ ನಡೀತಿದ್ರು, ಸಾಮಾನು ಹಿಂದಿನಿಂದ ಬರ್ತಿತ್ತು. ನಿನ್ನಜ್ಜನ ತಲೆ ಮೇಲೆ."

ನನ್ನ ಕೈಯಲ್ಲಿದ್ದ ಐಸ್ ಪೆಟ್ಟಿಗೆ ಕೆಳಗಿಟ್ಟೆ. ಅಜ್ಜ ಘಟ್ಟದ ಕೆಳಗಿನಿಂದ ಕೂಲಿಗೆ ಬಂದವರು ಅಂತ ಗೊತ್ತಿತ್ತು. ದೊರೆಗಳ ಡೇರೆ ಹೊತ್ತಿದ್ದರು ಅಂತ ಗೊತ್ತಿರಲಿಲ್ಲ. ಅಲ್ಲಿಂದ ಬಂದ ಮೇಲೆ ಒಂದೇ ತಲೆಬಿಸಿ. ಈ ಬೆಟ್ಟಗಳಿಗೆ ಇಷ್ಟು ವರ್ಷ ಜನ ಏನೇನು ಹೊತ್ತು ತಂದರು? ಯಾರು ಹೊತ್ತರು? ಸಿಕ್ಕಿದ್ದನ್ನೆಲ್ಲ ಓದಿದೆ. ಅದರ ಸಾರ ಇಲ್ಲಿದೆ.

ಮೊದಲ ಹೆಸರು ನಿಮಗೆಲ್ಲ ಗೊತ್ತಿರೋದೇ, ಬಾಬಾಬುಡನ್. ಹದಿನೇಳನೇ ಶತಮಾನದಲ್ಲಿ ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮನ್ನಿನ ಮೋಕಾದಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದರು ಅನ್ನೋದು ಐತಿಹ್ಯ. ಮೊಳೆಯುವ ಬೀಜವನ್ನು ಅರಬರು ಹೊರಗೆ ಬಿಡುತ್ತಿರಲಿಲ್ಲವಂತೆ. ಐತಿಹ್ಯದಲ್ಲಿ ಎಷ್ಟು ನಿಜವೋ ಏನೋ, ಆದರೆ ಲಗೇಜಿನ ದೃಷ್ಟಿಯಿಂದ ನೋಡಿ. ಇಡೀ ಜಿಲ್ಲೆಯ ಹಣೆಬರಹ ಬದಲಿಸಿದ ಸಾಮಾನು ಒಂದು ಮುಷ್ಟಿಯೂ ಇರಲಿಲ್ಲ! ಹೊತ್ತವರೂ ತಂದವರೂ ಒಬ್ಬರೇ.

ಆಮೇಲೆ ಎತ್ತುಗಳು. ಗಾಡಿ ರಸ್ತೆ ಆಗೋ ಮುಂಚೆ ಘಟ್ಟ ಹತ್ತುತ್ತಿದ್ದದ್ದು ಹೇರೆತ್ತು. ಲಂಬಾಣಿಗಳು ಎತ್ತಿನ ಬೆನ್ನ ಮೇಲೆ ಕೆಳಗಿನಿಂದ ಉಪ್ಪು ಹತ್ತಿಸಿ, ಮೇಲಿನಿಂದ ಧಾನ್ಯ ಇಳಿಸುತ್ತಿದ್ದರು. ಅವರದು ಒಂದು ಟ್ರಿಪ್ಪಲ್ಲ, ಬದುಕೇ ಅದು. ಹೆಂಗಸರು, ಮಕ್ಕಳು, ಪಾತ್ರೆ ಪಗಡ ಎಲ್ಲ ಜೊತೆಗೇ ಸಾಗಬೇಕು. ಎತ್ತಿನ ಬೆನ್ನಲ್ಲಿ ಜಾಗ ಇದ್ದದ್ದು ಮಾರುವ ಮಾಲಿಗೆ. ಸ್ವಂತದ ಸುಖಕ್ಕೆ ಒಂದು ಸೇರು ಜಾಸ್ತಿ ಹೇರಿದರೂ ಅಷ್ಟು ಉಪ್ಪು ಕಮ್ಮಿ, ಅಷ್ಟು ಸಂಪಾದನೆ ಕಮ್ಮಿ.

ನಮ್ಮ ಜಿಲ್ಲೆಯ ಅಜ್ಜಂಪುರದ ಅಮೃತ ಮಹಲ್ ತಳಿ ಕೇಳಿರ್ತೀರಿ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ', ಟಿಪ್ಪು ಕಾಲದಲ್ಲಿ 'ಅಮೃತ ಮಹಲ್' ಆಯಿತು. ಹೈದರಾಲಿ ಇದೇ ಎತ್ತುಗಳನ್ನು ನೆಚ್ಚಿಕೊಂಡು ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ ಹೋದ ಅಂತ ಹಳೇ ಗೆಜೆಟಿಯರುಗಳು ಹೇಳುತ್ತವೆ. ಸೈನ್ಯಕ್ಕೆ ಸಾಮಾನೂ ಬೇಕು, ವೇಗವೂ ಬೇಕು. ಎರಡರ ನಡುವಿನ ಜಗ್ಗಾಟವನ್ನು ಆಗ ಎತ್ತಿನ ಕಾಲಿನಲ್ಲಿ ಬಗೆಹರಿಸಿದ್ದರು.

ಇನ್ನು ದೊರೆಗಳ ಕಾಲ. ಕ್ಯಾನನ್ ಎಂಬಾತ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ 1830ರ ಸುಮಾರಿಗೆ, ಗ್ರೀನ್ ಎಂಬಾತ ಮಂಜರಾಬಾದಿನಲ್ಲಿ 1843ರಲ್ಲಿ ತೋಟ ಶುರು ಮಾಡಿದರು. ಮಂಜರಾಬಾದಿನ ರಾಬರ್ಟ್ ಎಲಿಯಟ್ ಅಂತೂ 1871ರಲ್ಲೊಂದು, 1894ರಲ್ಲೊಂದು ಪುಸ್ತಕ ಬರೆದು ಪ್ಲಾಂಟರ್ ಬದುಕನ್ನೂ ಹುಲಿ ಬೇಟೆಯನ್ನೂ ದಾಖಲಿಸಿಟ್ಟ. ಕಾಡಿನ ನಡುವೆ ಮೊದಲ ತೋಟ ಎಬ್ಬಿಸಿದವರ ಧೈರ್ಯಕ್ಕೆ ನನ್ನ ತಕರಾರಿಲ್ಲ. ಆದರೆ ಆ ಕಾಲದ ಇಂಗ್ಲಿಷರ 'ಕ್ಯಾಂಪ್' ಅಂದ್ರೆ ದಪ್ಪ ಕ್ಯಾನ್ವಾಸಿನ ಡೇರೆ, ಮಡಚೋ ಮಂಚ, ಕುರ್ಚಿ, ಮೇಜು, ಸ್ನಾನದ ತೊಟ್ಟಿ ಎಲ್ಲ ಸೇರಿ! ಆಗ ಭಾರತಕ್ಕೆ ಬರೋ ಇಂಗ್ಲಿಷ್ ಹೆಂಗಸರಿಗಾಗಿಯೇ ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಬರೆದ ಮನೆವಾರ್ತೆಯ ಪುಸ್ತಕವೊಂದಿದೆ. ಅದರಲ್ಲಿ ಒಂದು ಸಂಸಾರ ಬೇಸಿಗೆಗೆ ಬೆಟ್ಟಕ್ಕೆ ಹೋಗೋಕೆ 11 ಒಂಟೆ ಸಾಮಾನಿನ ಪಟ್ಟಿ ಇದೆ. ಪಿಯಾನೋ ಬೇಕಿದ್ದರೆ ಅದು ಒಂಟೆ ಮೇಲಲ್ಲ, ಕೂಲಿಗಳ ಹೆಗಲ ಮೇಲೆ. ಅದು ಉತ್ತರದ ಕಡೆಯ ಮಾತು, ನಮ್ಮ ಘಟ್ಟದಲ್ಲಿ ಒಂಟೆಯೂ ಇರಲಿಲ್ಲ. ಕಡಿದಾದ ಜಾಗದಲ್ಲಿ ಎಲ್ಲವೂ ಮನುಷ್ಯರ ತಲೆ ಮೇಲೆಯೇ.

ಆ ತಲೆಗಳು ಯಾರವು? ಘಟ್ಟದ ಕೆಳಗಿನವರು, ಬಯಲುಸೀಮೆಯವರು. ಮೇಸ್ತ್ರಿ ಕೈಯಿಂದ ಮುಂಗಡ ತಗೊಂಡು, ಆ ಸಾಲ ತೀರಿಸೋಕೆ ನಡೆದು ಬಂದವರು. ಚಾರ್ಮಾಡಿ ಹತ್ತಿ ಬಂದ ನನ್ನಜ್ಜನ ಸ್ವಂತ ಗಂಟಿನಲ್ಲಿ ಏನಿತ್ತು ಅಂತ ಮಾವನನ್ನೇ ಕೇಳಿದೆ. "ಒಂದು ಕಂಬಳಿ, ಒಂದು ಕತ್ತಿ, ಗಂಜಿಗೊಂದು ಪಾತ್ರೆ, ಉಪ್ಪು-ಒಣಮೀನು. ಮತ್ತೆಂತ ಬೇಕು?" ಅಂದ್ರು. ಅಷ್ಟು ಹಗುರ ಗಂಟು! ಅದು ಅವರು ಆರಿಸಿಕೊಂಡ ಹಗುರ ಅಲ್ಲ, ಇದ್ದದ್ದೇ ಅಷ್ಟು. ನಾವು ಇವತ್ತು 'ಹಗುರಾಗಿ ಪ್ಯಾಕ್ ಮಾಡೋದು' ಅಂತ ಒಂದು ಕಲೆಯ ಹಾಗೆ ಮಾತಾಡ್ತೀವಲ್ಲ, ಅದನ್ನ ಹೇಳುವಾಗ ಇದು ನೆನಪಿರಬೇಕು ಅನ್ನಿಸಿತು. ಸ್ವಂತ ಗಂಟು ಹಗುರ ಇದ್ದವನ ತಲೆ ಮೇಲೆ ಇನ್ನೊಬ್ಬರ ಸುಖದ ಭಾರ ಇತ್ತು.

ಆದರೂ ಆ ಕಂಬಳಿ ಇದೆಯಲ್ಲ, ಅದು ನಿಜಕ್ಕೂ ಒಂದು ಪವಾಡ. ಮಳೆ ಬಂದರೆ ಮಡಚಿ ತಲೆ ಮೇಲೆ ಕಂಬಳಿಕೊಪ್ಪೆ. ಹೊರೆ ಹೊರುವಾಗ ಅದರ ತುದಿ ಸುತ್ತಿದರೆ ಸಿಂಬೆ. ಕೂತರೆ ಚಾಪೆ, ಮಲಗಿದರೆ ಹಾಸಿಗೆ, ಚಳಿಗೆ ಹೊದಿಕೆ. ಒದ್ದೆಯಾದರೂ ಉಣ್ಣೆ ಪೂರ್ತಿ ಬೆಚ್ಚಗು ಕಳೆದುಕೊಳ್ಳೋದಿಲ್ಲ. ನನ್ನ ಡಿಕ್ಕಿಯಲ್ಲಿ ಇಷ್ಟೂ ಕೆಲಸಕ್ಕೆ ಐದು ಬೇರೆ ಬೇರೆ ಸಾಮಾನಿದ್ದವು.

ದೊರೆಗಳಿಗೂ, ಸರ್ಕಾರಕ್ಕೂ ಕೊನೆಗೆ ಬೇರೆ ಉಪಾಯ ಹೊಳೆಯಿತು. ಸುಖವನ್ನು ಪ್ರತಿ ಸಲ ಹೊರೋ ಬದಲು ಬೆಟ್ಟದಲ್ಲೇ ಬಿಟ್ಟುಬಿಡೋದು. ಅದೇ ಬಂಗಲೆ. ಮಂಚ, ಕುರ್ಚಿ, ಪಿಂಗಾಣಿ ಎಲ್ಲ ಒಂದು ಸಲ ಹತ್ತಿಸಿದರೆ ಮುಗೀತು. ಮುಸಾಫಿರಿ ಬಂಗಲೆಗಳ ಲೆಕ್ಕವೂ ಇದೇ. ಪ್ರಯಾಣಿಕ ಹಾಸಿಗೆ ಸುರುಳಿ ಮಾತ್ರ ತಂದರೆ ಸಾಕು, ಮಿಕ್ಕಿದ್ದು ಅಲ್ಲೇ. ಇವತ್ತು ಮೂಡಿಗೆರೆ, ಕಳಸದ ಕಡೆ ತಿರುವಿಗೊಂದು ಹೋಂಸ್ಟೇ ಬೋರ್ಡು ಕಾಣುತ್ತಲ್ಲ, ಅದೂ ಈ ಉಪಾಯದ ಮರಿಮಗನೇ.

ಆಮೇಲೆ ಬಂತು ನೋಡಿ ಜೀಪು! ಇದರ ಹುಟ್ಟಿನ ಕತೆ ಓದಿ ನನಗೆ ನಗು ಬಂತು, ಯಾಕಂದ್ರೆ ಅದೂ ತೂಕದ ಜಗಳವೇ. 1940ರಲ್ಲಿ ಅಮೆರಿಕದ ಸೈನ್ಯ ಕಾಲು ಟನ್ ಹೊರುವ, ತಾನು ಮಾತ್ರ 1,300 ಪೌಂಡು, ಅಂದರೆ 590 ಕೇಜಿಯಷ್ಟೇ ತೂಗುವ ಗಾಡಿ ಬೇಕು ಅಂತು. ಯಾರ ಕೈಲೂ ಆಗಲಿಲ್ಲ. ಮಿತಿಯನ್ನು 2,160 ಪೌಂಡಿಗೆ (ಸುಮಾರು 980 ಕೇಜಿ) ಏರಿಸಿದರು. ವಿಲ್ಲಿಸ್ ಕಂಪನಿಯ ಗಾಡಿ ಅದನ್ನೂ ಮೀರಿತ್ತು. ಎಂಜಿನಿಯರುಗಳು ಬೋಲ್ಟಿನ ಉದ್ದ ಕತ್ತರಿಸಿ, ಬಣ್ಣವನ್ನೂ ತೆಳುವಾಗಿ ಬಳಿದು ತೂಕ ಇಳಿಸಿದರಂತೆ. ಬಣ್ಣದ ಭಾರ ಲೆಕ್ಕ ಹಾಕಿ ಕಟ್ಟಿದ ಗಾಡಿಗೆ ನಾವು ಐಸ್ ಪೆಟ್ಟಿಗೆ ಹೇರ್ತೀವಿ!

ಸ್ವಾತಂತ್ರ್ಯ ಬಂದ ಹೊತ್ತಿಗೆ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ಈ ಜೀಪುಗಳನ್ನು ಜೋಡಿಸೋಕೆ ಶುರು ಮಾಡಿತು. ಮಲೆನಾಡಿನ ತೋಟಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಗೊಬ್ಬರ, ಕಾಫಿ ಮೂಟೆ, ಬಾಣಂತಿ, ಹೆಣ ಎಲ್ಲವನ್ನೂ ಹೊತ್ತಿದೆ ಅದು. ಇವತ್ತಿಗೂ ಸಂಸೆ ಹತ್ತಿರದ ಬಾಳೆಗಲ್ಲಿನಿಂದ ಮುಳ್ಳೋಡಿಗೆ ಕುದುರೆಮುಖ ಹತ್ತೋರನ್ನ ಕರ್ಕೊಂಡು ಹೋಗೋದು ಜೀಪೇ. ತಲೆಹೊರೆ ಇಳಿಸಿದ ಪುಣ್ಯ ಜೀಪಿಗೆ ಸೇರಬೇಕು, ಅನುಮಾನವೇ ಇಲ್ಲ. ಆದರೆ ಜೊತೆಗೆ ಇನ್ನೊಂದು ಆಯಿತು. 'ಯಾರು ಹೊರ್ತಾರೆ?' ಅನ್ನೋ ಪ್ರಶ್ನೆಯೇ ಮರೆತುಹೋಯಿತು. ಗಾಡಿ ನಿಂತ ಕ್ಷಣ ಆ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ.

ಈ ಬೆಟ್ಟಗಳಲ್ಲಿ ಗಾಡಿ ನಿಲ್ಲೋದು ಅಪರೂಪ ಅಂದ್ಕೋಬೇಡಿ. ಭದ್ರೆ ಉಕ್ಕಿ ಕಳಸದ ಹತ್ತಿರ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿಯನ್ನ ಎಷ್ಟು ಮಳೆಗಾಲದಲ್ಲಿ ಓದಿಲ್ಲ ನಾವು? 2019ರ ಆಗಸ್ಟಿನಲ್ಲಂತೂ ಗುಡ್ಡಗಳೇ ಜಾರಿದವು. ಚಾರ್ಮಾಡಿ ರಸ್ತೆ ಮುಚ್ಚಿತ್ತು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಊರುಗಳ ಜನ ಮನೆ ಬಿಟ್ಟು ಹೊರಟರು. ಆ ಮಳೆಯಲ್ಲಿ ಮನೆ ಬಿಟ್ಟವರ ಕೈಯಲ್ಲಿ ಏನಿದ್ದೀತು? ಹೊರೋಕೆ ಆಗುವಷ್ಟು ಮಾತ್ರ. ಅವತ್ತು ಮಾವನೂ ಎರಡು ದಿನ ತಯಾರಾಗಿ ಕೂತಿದ್ದರಂತೆ. ಬಾಗಿಲ ಹಿಂದೆ ಒಂದು ಗಂಟು. ಪಹಣಿ ಪತ್ರ, ಅತ್ತೆಯ ಮಾತ್ರೆ, ಟಾರ್ಚು, ಒಂದು ಜೊತೆ ಒಣ ಬಟ್ಟೆ, ಕಂಬಳಿ.

ಈಗ ಮತ್ತೆ ನನ್ನ ದಿಣ್ಣೆಗೆ ಬರೋಣ. ರಾತ್ರಿ ಹನ್ನೊಂದಾಯಿತು. ಗಾಳಿ ಹಾಸಿಗೆ ಮೇಲೆ ರಾಜನ ಹಾಗೆ ಮಲಗಿದ್ದೆ. ಒಂದು ಗಂಟೆಗೆಲ್ಲ ಕೆಳಗಿನಿಂದ ಚಳಿ ಹಿಡಿಯಿತು ನೋಡಿ, ಹಲ್ಲು ಕಟಕಟ! ಬರೀ ಗಾಳಿ ತುಂಬಿದ ಹಾಸಿಗೆಯೊಳಗೆ ಗಾಳಿ ಓಡಾಡಿಕೊಂಡೇ ಇರುತ್ತೆ, ಮೈಯ ಶಾಖವನ್ನು ನೆಲಕ್ಕೆ ದಾಟಿಸುತ್ತೆ. ಮೇಲೆ ಎಷ್ಟು ಹೊದ್ದರೂ ಅಡಿಯಲ್ಲಿ ತಡೆ ಇಲ್ಲದಿದ್ದರೆ ವ್ಯರ್ಥ ಅನ್ನೋದು ಆಮೇಲೆ ತಿಳಿಯಿತು. ಕೊನೆಗೆ ಟಾರ್ಚು ಹಿಡ್ಕೊಂಡು ಇಳಿದು ಹೋಗಿ ಮಾವನ ಬಾಗಿಲು ಬಡಿದೆ. ಮಾವ ಏನೂ ಅನ್ನಲಿಲ್ಲ. ಒಂದು ಕಂಬಳಿ ಕೈಗಿಟ್ಟರು. ಅದನ್ನು ಅಡಿಗೆ ಹಾಸಿದ ಮೇಲೆ ನಿದ್ದೆ ಬಂತು.

ಬೆಳಿಗ್ಗೆ ಎಲ್ಲ ಇಳಿಸಿ, ಕಾಫಿ ತೂಗುವ ತಕ್ಕಡಿಗೆ ಹಾಕಿದೆ. ನೀರು ಬಿಟ್ಟು 63 ಕೇಜಿ. ಕಾಫಿ ಮೂಟೆ 50 ಕೇಜಿ. ಅಂದರೆ ಇಬ್ಬರ ಎರಡು ರಾತ್ರಿಯ ಸುಖ ಒಂದೂಕಾಲು ಮೂಟೆ.

ಡಿಸೆಂಬರಿನಲ್ಲಿ ಮತ್ತೆ ಹೋದೆ. ಈ ಸಲ ಇತಿಹಾಸದಿಂದ ಕಲಿತ ಪಾಠ ಇಟ್ಟುಕೊಂಡು. ಕಾರನ್ನೇ ಬಂಗಲೆ ಮಾಡಿದೆ. ಕುರ್ಚಿ, ಮೇಜು, ಐಸ್ ಪೆಟ್ಟಿಗೆ ಎಲ್ಲ ಅಂಗಳದಲ್ಲಿ ಕಾರಿನ ಹತ್ತಿರವೇ. ಅಡುಗೆ, ಊಟ, ಹರಟೆ ಅಲ್ಲಿ. ದಿಣ್ಣೆಗೆ ಹೋಗೋದು ಒಬ್ಬೊಬ್ಬರು ಒಂದೇ ಸಲಕ್ಕೆ ಹೊರುವಷ್ಟು. ಇಬ್ಬರ ಚಿಕ್ಕ ಟೆಂಟು, ಕಂಬಳಿ, ನೆಲಕ್ಕೆ ಹಾಸೋ ದಪ್ಪ ಶೀಟು, ನೀರು, ಟಾರ್ಚು, ಒಣ ಬಟ್ಟೆ. ಜೊತೆಗೆ ಉಣುಗು ಕಚ್ಚದಂತೆ ಹಚ್ಚೋ ಎಣ್ಣೆಯ ಒಂದು ಪುಟ್ಟ ಬಾಟಲಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡೋದು ಉಣುಗಿನಿಂದಲೇ, ಅದೂ ಡಿಸೆಂಬರಿನಿಂದ ಮೇವರೆಗೆ, ನಾವು ಡೇರೆ ಹಾಕೋಕೆ ಇಷ್ಟಪಡೋ ತಿಂಗಳುಗಳಲ್ಲೇ. ತರಗೆಲೆ ಮೇಲೆ ಹಾಗೇ ಮಲಗಬೇಡಿ. ಇನ್ನೊಂದು ಮಾತು, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಡೇರೆ ಹಾಕುವಂತಿಲ್ಲ. ಖಾಸಗಿ ಜಾಗದಲ್ಲಿ, ತೋಟದವರನ್ನ ಕೇಳಿಯೇ ಹಾಕಿ.

ನೀರು ಬಿಟ್ಟು ಈ ಸಲದ ತೂಕ 17 ಕೇಜಿ, ಇಬ್ಬರಿಗೂ ಸೇರಿ. ದಿಂಬು? ತಗೊಂಡು ಹೋದೆ ಮಾರಾಯ್ರೆ. ಅದಿಲ್ಲದೆ ನನಗೆ ನಿದ್ದೆ ಬರಲ್ಲ. ಎಲ್ಲ ಸುಖ ಬಿಡಬೇಕು ಅಂತ ನಾನು ಹೇಳ್ತಾ ಇಲ್ಲ. ಬಿಡಲಾಗದ ಒಂದು ಸುಖವನ್ನ ಇಟ್ಕೊಳ್ಳಿ. ಆದರೆ ಅದನ್ನ ನೀವೇ ಹೊರಿ.

ಹತ್ತುವ ದಾರಿ ಮಧ್ಯದಲ್ಲಿ ಎದೆಮಟ್ಟದ ಒಂದು ಕಲ್ಲಿದೆ. ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳೋಕೆ ಅಜ್ಜನ ಕಾಲದವರು ನಿಲ್ಲಿಸಿದ್ದಂತೆ. ಫೆಬ್ರವರಿಯಲ್ಲಿ ಐದು ಸಲ ಅದರ ಪಕ್ಕದಲ್ಲೇ ಹೋಗಿದ್ದೆ, ಒಮ್ಮೆಯೂ ಅದು ಏನು ಅಂತ ಕೇಳಿರಲಿಲ್ಲ. ಡಿಸೆಂಬರಿನಲ್ಲಿ ಗಂಟು ಹಗುರ ಇತ್ತು, ಇಳಿಸೋ ಅಗತ್ಯ ಇರಲಿಲ್ಲ. ಆದರೂ ಅದರ ಮೇಲೆ ಒಂದು ಗಳಿಗೆ ಗಂಟು ಇಟ್ಟು ನಿಂತೆ.